ಪದಚರ್ಚೆ: ಹರಿಯುವುದು ಶಾಖವೋ, ತಾಪವೋ? ಕಾವು, ಝಳಗಳಿಗೆ ಪಾಠದಲ್ಲಿ ಜಾಗವಿದೆಯೇ?

ಪ್ರಶ್ನೆ:
ಏಳನೇ ತರಗತಿಯ ಮಕ್ಕಳಿಗಾಗಿ, ಬಿಸಿ ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹೇಗೆ ಸಾಗುತ್ತದೆ ಎನ್ನುವ ಪಾಠವೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಕರಡಿನಲ್ಲಿ ಒಂದು ಕಡೆ 'ತಾಪ ಹರಿಯುತ್ತದೆ' ಎಂದಿದೆ, ಇನ್ನೊಂದು ಕಡೆ 'ಉಷ್ಣತೆ ಹರಿಯುತ್ತದೆ', ಚಿತ್ರದ ಕೆಳಗೆ 'ಶಾಖ ಪ್ರಸರಣ'. ಯಾವುದನ್ನು ಉಳಿಸಿಕೊಳ್ಳಬೇಕು? ವಹನ, ಸಂವಹನ, ವಿಕಿರಣ ಎಂಬ ಮೂರು ಪದಗಳನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ, ಬೇರೆ ಬೇರೆ ಮಾಡಿ ಹೇಳಲು ತಡವರಿಸುತ್ತಾರೆ. ಮನೆಮಾತಿನ ಕಾವು, ಝಳಗಳನ್ನು ಬಳಸಬಹುದೇ?

ಉತ್ತರ:
'ತಾಪ ಹರಿಯುತ್ತದೆ' ಎಂಬುದನ್ನು ಮೊದಲು ತಿದ್ದಿ. ಹರಿಯುವುದು ಶಾಖ. ತಾಪವೆಂದರೆ ಎಷ್ಟು ಬಿಸಿ ಎನ್ನುವ ಮಟ್ಟ, ಅಂದರೆ ತಾಪಮಾನ. ಅದಕ್ಕೆ ಡಿಗ್ರಿ ಲೆಕ್ಕ. ಶಾಖ ಶಕ್ತಿ, ಅದಕ್ಕೆ ಜೂಲ್ ಲೆಕ್ಕ. ತೂಬು ಎತ್ತಿದರೆ ಕೆರೆಯ ನೀರು ಹರಿಯುತ್ತದೆ, ಕೆರೆಯ ಮಟ್ಟ ಹರಿಯುವುದಿಲ್ಲ. ಈ ಭೇದ ಒಲೆಯ ಮೇಲೆ ಚೆನ್ನಾಗಿ ಕಾಣುತ್ತದೆ. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಅಲ್ಲಿಗೆ ತರಲು ಸುಮಾರು 300 ಕಿಲೋಜೂಲ್ ಶಾಖ ಸಾಕು. ಅದನ್ನು ಪೂರ್ತಿ ಇಂಗಿಸಲು ಮತ್ತೆ 2,260 ಕಿಲೋಜೂಲ್‌ನಷ್ಟು ಬೇಕು, ಆದರೆ ಅಷ್ಟೂ ಹೊತ್ತು ತಾಪಮಾಪಕ 97 ಬಿಟ್ಟು ಅಲುಗದು. ಶಾಖ ಹೋಗುತ್ತಲೇ ಇದೆ, ತಾಪ ನಿಂತಿದೆ. ಎರಡಕ್ಕೂ ಒಂದೇ ಪದ ಬಳಸಿದ ಪಾಠದಲ್ಲಿ ಈ ಮಾತನ್ನು ಹೇಳಲು ದಾರಿಯೇ ಇರುವುದಿಲ್ಲ. ಇಡ್ಲಿ ಪಾತ್ರೆಯ ಹಬೆ ಕುದಿನೀರಿಗಿಂತ ಜೋರಾಗಿ ಸುಡುವುದೂ ಇದೇ ಕಾರಣಕ್ಕೆ: ಹಬೆಯಲ್ಲಿ ಅಡಗಿದ ಶಾಖವೆಲ್ಲ ಕೈಮೇಲೆ ನೀರಾಗುವಾಗ ಚರ್ಮಕ್ಕೆ ಇಳಿಯುತ್ತದೆ.

ಪತ್ರಿಕೆಗಳ 'ಉಷ್ಣಾಂಶ 38 ಡಿಗ್ರಿ' ಎಂಬಲ್ಲಿ ಉಷ್ಣಾಂಶವೆಂದರೆ ತಾಪಮಾನವೇ. ಕೆಲವು ಪುಸ್ತಕಗಳ 'ಉಷ್ಣತೆ'ಯೂ ಅದೇ. ಒಂದು ಪಾಠದಲ್ಲಿ ಮೂರು ಬೇಡ. ಶಾಖ ಮತ್ತು ತಾಪಮಾನ ಈ ಜೋಡಿ ಸಾಕು. 'ಉಷ್ಣ'ವನ್ನು ಸಮಾಸಕ್ಕೆ ಮಾತ್ರ ಇಟ್ಟುಕೊಳ್ಳಿ. ಬಿಡಿಯಾಗಿ ಬಳಸಿದರೆ ಮಕ್ಕಳಿಗೆ ನೆನಪಾಗುವುದು 'ಉಷ್ಣ ಆಗಿದೆ, ಎಳನೀರು ಕುಡಿ' ಎನ್ನುವ ಅಜ್ಜಿಯ ಮಾತು.

ವಹನಕ್ಕೆ, ಅಂದರೆ ಒಂದಕ್ಕೊಂದು ತಾಗಿ ಶಾಖ ಸಾಗುವುದಕ್ಕೆ, ಕನ್ನಡದಲ್ಲಿ ಅಚ್ಚುಕಟ್ಟಾದ ಪದವಿದೆ: ಕಾವು. ಕೋಳಿ ಮೊಟ್ಟೆಗೆ ಕಾವು ಕೊಡುವುದು ಮೈ ತಾಗಿಸಿಯೇ. ಕುದಿಯುವ ಹುಳಿಯಲ್ಲಿ ಬಿಟ್ಟ ಸ್ಟೀಲ್ ಸೌಟಿನ ಹಿಡಿಗೂ ಕಾವು ಹೀಗೇ ಏರುತ್ತದೆ, ಮರದ ಸೌಟಿಗೆ ಏರದು. ವಸ್ತು ಶಾಖವನ್ನು ಎಷ್ಟು ಸಲೀಸಾಗಿ ಸಾಗಿಸುತ್ತದೆ ಎನ್ನುವ ವಹನದ ಅಂಕಿ ತಾಮ್ರಕ್ಕೆ ಸುಮಾರು 400 ಇದ್ದರೆ ಅಲ್ಯೂಮಿನಿಯಂಗೆ 235ರ ಆಸುಪಾಸು, ಸ್ಟೇನ್‌ಲೆಸ್ ಸ್ಟೀಲಿಗೆ 15, ಮರಕ್ಕೆ 0.2ಕ್ಕಿಂತ ಕಡಿಮೆ (ಮೀಟರಿಗೆ, ಡಿಗ್ರಿಗೆ ಇಷ್ಟು ವ್ಯಾಟ್ ಎಂದು). ತೆಳು ಸ್ಟೀಲ್ ಪಾತ್ರೆಯಲ್ಲಿ ಉರಿ ತಾಗಿದ ಕಡೆ ಮಾತ್ರ ಸೀಯುವುದೂ, ತಳಕ್ಕೆ ತಾಮ್ರ ಬಳಿಯುವುದೂ ಈ ಅಂತರದಿಂದಲೇ. ಇಲ್ಲೊಂದು ಎಚ್ಚರಿಕೆ ಬೇಕು. 'ಕಲ್ಲುನೆಲದ ಥಂಡಿ ಕಾಲಿಗೆ ಹತ್ತಿತು' ಎಂಬುದು ಮಾತಿಗೆ ಸರಿ, ಪಾಠದಲ್ಲಿ ಮಾತ್ರ 'ಕಲ್ಲು ಕಾಲಿನ ಶಾಖ ಎಳೆದುಕೊಂಡಿತು' ಎಂದೇ ಬರೆಯಬೇಕು. ಪಕ್ಕದ ಚಾಪೆಯ ತಾಪಮಾನವೂ ಕಲ್ಲಿನಷ್ಟೇ ಇದೆ. ಅದು ಎಳೆಯುವುದು ನಿಧಾನ, ಅಷ್ಟೇ.

ತೊಡಕಿರುವುದು ಸಂವಹನದಲ್ಲಿ. ಪದ ಕಟ್ಟಿದವರ ತರ್ಕ ಚೆನ್ನಾಗಿಯೇ ಇತ್ತು: ಬಿಸಿಯಾದ ನೀರೋ ಗಾಳಿಯೋ ತಾನೇ ಎದ್ದು ಶಾಖವನ್ನು ಜೊತೆಗೆ ಹೊತ್ತೊಯ್ಯುತ್ತದೆ. ಆದರೆ ಈಗ ಸಂವಹನ ಎಂದ ಕೂಡಲೇ ಪತ್ರಿಕೋದ್ಯಮ, ಮಾತುಕತೆ ನೆನಪಾಗುತ್ತವೆ. ಹಾಗಾಗಿ ಎಲ್ಲ ಕಡೆಯೂ 'ಉಷ್ಣಸಂವಹನ' ಎಂದೇ ಬರೆಯಿರಿ, ಅರ್ಥವನ್ನು ಉದಾಹರಣೆಯಿಂದ ಕೊಡಿ. ಅಡುಗೆಮನೆಯಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ತಳ ಹತ್ತುವುದು. ತಿಳಿಸಾರು ಎಷ್ಟು ಕುದಿದರೂ ತಳ ಹತ್ತದು, ತಳದ ಬಿಸಿನೀರು ಮೇಲೇಳುತ್ತ ಮೇಲಿನದು ಇಳಿಯುತ್ತ ಇರುತ್ತದೆ. ಪಾಯಸ ಗಟ್ಟಿಯಾದಂತೆ ಈ ಓಡಾಟ ನಿಲ್ಲುತ್ತದೆ. ತಳಕ್ಕೆ ಬಿದ್ದ ಶಾಖ ಅಲ್ಲೇ ಕೂತು ಸೀಯುತ್ತದೆ. ಸೌಟಿನಿಂದ ಕೈಯಾಡಿಸುವುದೆಂದರೆ ನಿಂತುಹೋದ ಉಷ್ಣಸಂವಹನವನ್ನು ಕೈಯಿಂದ ನಡೆಸುವುದು. ಬಕೆಟ್ಟಿನ ವಾಟರ್ ಹೀಟರ್ ಕಾಯಿಲ್ ಇದರ ಇನ್ನೊಂದು ಮುಖ. ಕಾಯಿಲ್ ಗಿಡ್ಡವಿದ್ದು ಮೇಲೆಯೇ ನಿಂತರೆ ಬಿಸಿನೀರು ಮೇಲೆಯೇ ತೇಲುತ್ತದೆ, ತಳ ತಣ್ಣಗೇ ಇರುತ್ತದೆ. 1.5 ಕಿಲೋವ್ಯಾಟ್ ಕಾಯಿಲ್ 20 ಲೀಟರ್ ನೀರನ್ನು 25ರಿಂದ 45 ಡಿಗ್ರಿಗೆ ತರಲು 19 ನಿಮಿಷ ಸಾಕೆನ್ನುವ ಲೆಕ್ಕ ಹಿಡಿಯುವುದು ತಳದವರೆಗೆ ಕಾದಾಗ ಮಾತ್ರ. ನೀರು ಕಲಕುವ ಮೊದಲು ಸ್ವಿಚ್ ಆರಿಸಿ ಪ್ಲಗ್ ಕಿತ್ತಿರಬೇಕು ಎಂಬ ಸಾಲನ್ನು ಪಾಠದಿಂದ ಬಿಡಬೇಡಿ.

ವಿಕಿರಣ ಎಂದರೆ ಓದುಗರಿಗೆ ಅಣುಸ್ಥಾವರ, ಎಕ್ಸ್‌ರೇ ಕಣ್ಮುಂದೆ ಬರುತ್ತವೆ. ಅದಕ್ಕೇ ಇಲ್ಲಿ ಝಳದಿಂದ ಶುರುಮಾಡಿ, ಆಮೇಲೆ 'ಉಷ್ಣವಿಕಿರಣ' ಹೇಳಿ. ಕೆಂಡದ ಒಲೆಯ ಪಕ್ಕದಲ್ಲಿ ಕೂತವನ ಮುಖಕ್ಕೆ ಝಳ ಹೊಡೆಯುತ್ತದೆ. ಬಿಸಿಗಾಳಿಯೆಲ್ಲ ಮೇಲಕ್ಕೆ ಹೋಗುತ್ತಿದೆ, ಗಾಳಿ ಶಾಖವನ್ನು ವಹನ ಮಾಡುವುದು ತೀರಾ ಕಡಿಮೆ. ಹಾಗಾದರೆ ಮುಖಕ್ಕೆ ಬಂದದ್ದು ಏನು? ನಡುವೆ ಒಂದು ಮೊರ ಹಿಡಿದರೆ ಆ ಕ್ಷಣವೇ ನಿಲ್ಲುತ್ತದೆ, ತೆಗೆದರೆ ಆ ಕ್ಷಣವೇ ಮರಳುತ್ತದೆ. ಬೆಳಕಿನ ಹಾಗೆ ನೇರ ಬರುವುದರ ಗುರುತು ಅದು.

ಮತ್ತೊಂದು ಅಭಿಪ್ರಾಯ:
ಮೇಲಿನದರಲ್ಲಿ ಒಂದಕ್ಕೆ ತಕರಾರಿದೆ. ಝಳವನ್ನು ಜನ ಬಿಸಿಗಾಳಿಗೂ ಹೇಳುತ್ತಾರೆ, ಕಾವನ್ನು ಜಗಳಕ್ಕೂ ಚುನಾವಣೆಗೂ ಹಚ್ಚುತ್ತಾರೆ. ವಿವರಣೆಗೆ ಇವು ಬೇಕು. ವ್ಯಾಖ್ಯೆಯ ಸಾಲಿನಲ್ಲಿ ಮಾತ್ರ ಉಷ್ಣವಹನ, ಉಷ್ಣವಿಕಿರಣಗಳೇ ಇರಲಿ.

ಕರಡಿನಲ್ಲಿ ಇಲ್ಲದ ಒಂದು ಕ್ರಿಯಾಪದವನ್ನೂ ಸೇರಿಸಿ: ಆರು. ಕಾಫಿ ಆರಿತು ಎಂದರೆ ತಣ್ಣಗಾಯಿತು, ಬಟ್ಟೆ ಆರಿತು ಎಂದರೆ ಒಣಗಿತು. ಬಟ್ಟಲಿಗೆ ಎತ್ತಿ ಹೊಯ್ದ ಕಾಫಿ ಬೇಗ ಆರುವುದರಲ್ಲಿ ಆವಿಯಾಗುತ್ತ ಶಾಖವನ್ನು ಒಯ್ಯುವ ನೀರಿನ ಪಾಲು ದೊಡ್ಡದು. ಮಣ್ಣಿನ ಮಡಕೆಯ ಮೈಯಲ್ಲಿ ಜಿನುಗಿದ ನೀರು ಆರುತ್ತದೆ, ಅದರಿಂದಲೇ ಒಳಗಿನ ನೀರೂ ತಣ್ಣಗಾಗುತ್ತದೆ. ಮಳೆಗಾಲದಲ್ಲಿ, ಕರಾವಳಿಯ ಸೆಕೆಯಲ್ಲಿ ಬಟ್ಟೆಯೂ ಆರದು, ಮಡಕೆಯ ನೀರೂ ಅಷ್ಟು ತಣಿಯದು. ಎರಡಕ್ಕೂ ಕಾರಣ ಗಾಳಿಯ ತೇವ. ಈ ಪಾಠಕ್ಕೆ ಇಷ್ಟು ಒಪ್ಪುವ ಇನ್ನೊಂದು ಕ್ರಿಯಾಪದ ಸಿಗುವುದು ಕಷ್ಟ.