ಸಾಲು ಟೇಬಲ್‌ನಲ್ಲಿದೆ, ಹುಡುಕಿದರೆ ಸಿಗುತ್ತಿಲ್ಲ (ಪೋಸ್ಟ್‌ಗ್ರೆಸ್ 14)

ಪುಸ್ತಕದಹುಳು:
ಡೇಟಾಬೇಸ್ ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಕಲಿಯುವ ಆಸೆಯಿಂದ ನಮ್ಮೂರಿನ ವಾಚನಾಲಯದ ಪುಸ್ತಕಪಟ್ಟಿಯನ್ನು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶಕ್ಕೆ ಹಾಕಿಕೊಂಡು ಅದರ ಮೇಲೆಯೇ ಪ್ರಯೋಗ ಮಾಡುತ್ತಿದ್ದೇನೆ. ಸುಮಾರು 40 ಸಾವಿರ ಸಾಲುಗಳಿವೆ. ಈಗ ಕೆಲವು ಪುಸ್ತಕಗಳನ್ನು ಹುಡುಕಿದರೆ ಸೊನ್ನೆ ಸಾಲು ಎಂಬ ಉತ್ತರ ಬರುತ್ತಿದೆ, ಆದರೆ ಪೂರ್ತಿ ಪಟ್ಟಿಯನ್ನು ತೆರೆದು ಕಣ್ಣಾಡಿಸಿದರೆ ಅದೇ ಪುಸ್ತಕ ಅಲ್ಲಿಯೇ ಇರುತ್ತದೆ. ಸಾಫ್ಟ್‌ವೇರ್‌ನಲ್ಲಿ ಏನೂ ಬದಲಾಗಿಲ್ಲ. ಮೊದಲೂ 14ನೇ ಆವೃತ್ತಿ, ಈಗಲೂ ಅದೇ. ಲಾಗ್‌ನಲ್ಲಿ ಒಂದು ದೋಷವೂ ದಾಖಲಾಗಿಲ್ಲ. ಇದ್ದುದನ್ನು ಇಲ್ಲ ಎನ್ನುವ ಡೇಟಾಬೇಸನ್ನು ನಂಬುವುದಾದರೂ ಹೇಗೆ? ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಅರ್ಕಾವೊತ್ತು:
ಇದು ನೂರಕ್ಕೆ ನೂರು ಯುನಿಕೋಡ್ ಸಮಸ್ಯೆ. 'ಕೊ' ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, 'ಎ'ಕಾರ ಮತ್ತು 'ಊ'ಕಾರಗಳ ಚಿಹ್ನೆಗಳನ್ನು ಒಂದರ ಹಿಂದೊಂದು ಇಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಬೈಟ್‌ಗಳು ಮಾತ್ರ ಬೇರೆ, ಹಾಗಾಗಿ ಪೋಸ್ಟ್‌ಗ್ರೆಸ್ ಅವನ್ನು ಸಮ ಎಂದು ಒಪ್ಪುವುದಿಲ್ಲ. ಹಳೆಯ ಫಾಂಟ್‌ಗಳಲ್ಲಿದ್ದ ಪಠ್ಯವನ್ನು ಪರಿವರ್ತಿಸಿ ತುಂಬಿದ ಪಟ್ಟಿಗಳಲ್ಲಿ ಇದನ್ನು ಸಾಕಷ್ಟು ನೋಡಿದ್ದೇನೆ. ಇಂಥ ಬರವಣಿಗೆಗಳನ್ನು ಒಂದೇ ರೂಪಕ್ಕೆ ತರುವ ನಾರ್ಮಲೈಸ್ ಎಂಬ ಫಂಕ್ಷನ್ 13ನೇ ಆವೃತ್ತಿಯಿಂದ ಇದೆ. ಶೀರ್ಷಿಕೆಗಳ ಮೇಲೆಲ್ಲ ಓಡಿಸಿ.

ಹಳೇಸರ್ವರ್:
ಮೊದಲು ಹಾರ್ಡ್‌ವೇರ್ ನೋಡಿ. ಇಂಡೆಕ್ಸಿನ, ಅಂದರೆ ಸಾಲುಗಳನ್ನು ಬೇಗ ಹುಡುಕಲು ವಿಂಗಡಿಸಿಟ್ಟ ಸೂಚಿಯ, ಪುಟವೊಂದರಲ್ಲಿ ಒಂದು ಬಿಟ್ ತಿರುಗಿದರೂ ಇದೇ ಲಕ್ಷಣ ಕಾಣಿಸುತ್ತದೆ. ನನ್ನ ಮನೆಯ ಸರ್ವರ್‌ನಲ್ಲಿ ಬಿಟ್ ದೋಷವನ್ನು ತಾನೇ ತಿದ್ದುವ ಇಸಿಸಿ ಮೆಮೊರಿ ಇದೆ, ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯಲ್ಲಿ ಎರಡು ಡಿಸ್ಕ್‌ಗಳು ಒಂದಕ್ಕೊಂದು ಪ್ರತಿಯಾಗಿ ನಡೆಯುತ್ತವೆ, ವಾರಕ್ಕೊಮ್ಮೆ ಎಲ್ಲವನ್ನೂ ಓದಿ ತಾಳೆ ನೋಡುವ ವ್ಯವಸ್ಥೆಯೂ ಇದೆ; ಇಂಥ ತೊಂದರೆ ಇದುವರೆಗೆ ಹತ್ತಿರ ಸುಳಿದಿಲ್ಲ. ನಿಮ್ಮದು ಸಾಧಾರಣ ಲ್ಯಾಪ್‌ಟಾಪ್ ಇರಬೇಕು. ಪುಟದ ಬೈಟ್‌ಗಳು ಕೆಟ್ಟಿವೆಯೇ ಎಂದು ನೋಡುವ ಚೆಕ್‌ಸಮ್ ಆನ್ ಇದೆಯೇ?

ಪುಸ್ತಕದಹುಳು:
ಚೆಕ್‌ಸಮ್ ಮೊದಲಿನಿಂದಲೂ ಆನ್ ಇದೆ. ಸರ್ವರ್ ನಿಲ್ಲಿಸಿ ತಪಾಸಣೆ ನಡೆಸಿದೆ, ಒಂದು ಪುಟವೂ ಕೆಟ್ಟಿಲ್ಲ. ಶೀರ್ಷಿಕೆಗಳನ್ನು ನಾರ್ಮಲೈಸ್ ಮಾಡಿದ್ದೂ ಆಯಿತು, ಯಾವ ವ್ಯತ್ಯಾಸವೂ ಆಗಲಿಲ್ಲ. ಇಂಡೆಕ್ಸ್ ಸ್ಕ್ಯಾನ್ ಆಫ್ ಮಾಡಿ ನೋಡಿದೆ, ಆಗಲೂ ಸಿಗಲಿಲ್ಲ. ಅಂದಮೇಲೆ ತೊಂದರೆ ಇಂಡೆಕ್ಸ್‌ನಲ್ಲಿಲ್ಲ ಎಂದು ತಿಳಿಯುತ್ತೇನೆ.

ಅರ್ಕಾವೊತ್ತು:
ನಾರ್ಮಲೈಸ್ ಮಾಡಿದರೆ ಕಣ್ಣಿಗೆ ಕಾಣದ ಜೋಡಣೆಯ ಸಂಕೇತಗಳು ಹೋಗುವುದಿಲ್ಲ. 'ರಾಜ್‌ಕುಮಾರ್' ಎಂದು ಬರೆಯುವಾಗ ಜಕಾರದ ಅರ್ಧಾಕ್ಷರ ಒತ್ತಾಗದಂತೆ ತಡೆಯಲು ಒಂದು ಸಂಕೇತ ಇರುತ್ತದಲ್ಲ, ಅದು ಪಠ್ಯದಲ್ಲಿ ಹಾಗೆಯೇ ಉಳಿಯುತ್ತದೆ. ಒಬ್ಬರು ಅದನ್ನು ಹಾಕಿ ಟೈಪ್ ಮಾಡಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ. ಅದನ್ನು ಕಿತ್ತು ಹಾಕಿ ಮತ್ತೊಮ್ಮೆ ಹುಡುಕಿ.

ಬೇರುಕೊಂಬೆ:
ಸ್ವಲ್ಪ ತಾಳಿ. ಯಾವ ಕಾಲಂ, ಯಾವ ಮೌಲ್ಯ ಎಂಬುದನ್ನೇ ಮೂಲ ಪ್ರಶ್ನೆಯಲ್ಲಿ ಹೇಳಿಲ್ಲ, ನಾವು ಆಗಲೇ ಶೀರ್ಷಿಕೆ ಎಂದುಕೊಂಡು ಮುಂದೆ ಹೋಗಿದ್ದೇವೆ. ಪುಸ್ತಕದಹುಳು ಅವರೇ, ಇಂಡೆಕ್ಸ್ ಸ್ಕ್ಯಾನ್ ಒಂದನ್ನೇ ಆಫ್ ಮಾಡಿದರೆ ಸಾಲದು. ಪೋಸ್ಟ್‌ಗ್ರೆಸ್ ಅದೇ ಇಂಡೆಕ್ಸನ್ನು ಬಿಟ್‌ಮ್ಯಾಪ್ ಸ್ಕ್ಯಾನ್ ಎಂಬ ಇನ್ನೊಂದು ವಿಧಾನದ ಮೂಲಕ ಓದಿಬಿಡುತ್ತದೆ. ಎರಡನ್ನೂ ಆಫ್ ಮಾಡಿ, ಹುಡುಕುವ ವಿಧಾನವನ್ನು ತೋರಿಸುವ ಎಕ್ಸ್‌ಪ್ಲೇನ್ ಹಾಕಿ, ಸೀಕ್ವೆನ್ಷಿಯಲ್ ಸ್ಕ್ಯಾನ್ (ಇಂಡೆಕ್ಸ್ ಬಿಟ್ಟು ಸಾಲುಗಳನ್ನು ಒಂದೊಂದಾಗಿ ಓದುವುದು) ಬಂದಿದೆ ಎಂಬುದನ್ನು ಖಚಿತಪಡಿಸಿಕೊಂಡು ಆಮೇಲೆ ಹುಡುಕಿ. ಸಿಗದ ಮೌಲ್ಯಗಳಲ್ಲಿ ನಾಲ್ಕನ್ನು ಇಲ್ಲಿ ಇದ್ದಂತೆಯೇ ಬರೆಯಿರಿ.

ಪುಸ್ತಕದಹುಳು:
ಎರಡನ್ನೂ ಆಫ್ ಮಾಡಿದೆ, ಈಗ ಸಿಕ್ಕಿತು! ಕಾಲಂ ಪುಸ್ತಕದ ಕ್ರಮಸಂಖ್ಯೆ. ಪುಸ್ತಕವನ್ನು ಬೇರೆ ಯಾವುದರಿಂದ ಹುಡುಕುತ್ತಾರೆ ಎಂದುಕೊಂಡು ಬರೆಯಲಿಲ್ಲ. ಅದೇ ಪ್ರೈಮರಿ ಕೀ (ಪ್ರತಿ ಸಾಲಿಗೂ ಬೇರೆಯೇ ಇರಬೇಕಾದ ಗುರುತು), ಟೆಕ್ಸ್ಟ್ ಬಗೆಯದು. ಹಳೆಯ ಪುಸ್ತಕಗಳಿಗೆ 10, 11 ಎಂಬಂತೆ ಬರೀ ಸಂಖ್ಯೆ ಇದೆ, ಆಮೇಲಿನವಕ್ಕೆ ಕಪಾಟಿನ ಸಂಖ್ಯೆ ಸೇರಿಸಿ 1-1, 1-2, 3-47 ಎಂದು ಕೊಟ್ಟಿದ್ದಾರೆ. ಸಿಗದವುಗಳೆಲ್ಲ ಅಡ್ಡಗೆರೆ ಇರುವವೇ. ಆದರೆ ಅಡ್ಡಗೆರೆ ಇರುವ ಕೆಲವು ಸರಿಯಾಗಿಯೇ ಸಿಗುತ್ತವೆ, ಅದೇ ನನಗೆ ಅರ್ಥವಾಗದ್ದು.

ಅರ್ಕಾವೊತ್ತು:
ಅಡ್ಡಗೆರೆಯಲ್ಲಿಯೂ ಹಲವು ಬಗೆ ಇವೆ. ಕೀಬೋರ್ಡಿನ ಅಡ್ಡಗೆರೆಯೇ ಬೇರೆ, ವರ್ಡ್ ಕಡತದಿಂದ ನಕಲು ಮಾಡಿದಾಗ ಬರುವ ಉದ್ದ ಗೆರೆಯೇ ಬೇರೆ.

ಬೇರುಕೊಂಬೆ:
ಅರ್ಕಾವೊತ್ತು ಸರ್, ಬೈಟ್‌ಗಳು ಬೇರೆಯಾಗಿದ್ದಿದ್ದರೆ ಸೀಕ್ವೆನ್ಷಿಯಲ್ ಸ್ಕ್ಯಾನ್‌ನಲ್ಲಿಯೂ ಸಿಗುತ್ತಿರಲಿಲ್ಲ. ಅಲ್ಲಿ ನಡೆಯುವುದು ಬೈಟ್‌ಗಳ ತಾಳೆ ಮಾತ್ರ, ಅದು ಸರಿಹೋಗಿದೆ. ಆದ್ದರಿಂದ ದತ್ತಾಂಶ ಸರಿಯಿದೆ, ಇಂಡೆಕ್ಸ್ ಪುಟಗಳೂ ಡಿಸ್ಕ್‌ನಲ್ಲಿ ಕೆಟ್ಟಿಲ್ಲ, ಆದರೂ ಇಂಡೆಕ್ಸ್‌ನಲ್ಲಿ ದಾರಿ ತಪ್ಪುತ್ತಿದೆ. ಪುಸ್ತಕದಹುಳು ಅವರೇ, ಒಂದೇ ಪ್ರಶ್ನೆ: ಇತ್ತೀಚೆಗೆ ಯಂತ್ರವನ್ನೋ ಆಪರೇಟಿಂಗ್ ಸಿಸ್ಟಮನ್ನೋ ಬದಲಿಸಿದಿರಾ?

ಪುಸ್ತಕದಹುಳು:
ಹೌದು, ಹಳೆಯ ಲ್ಯಾಪ್‌ಟಾಪಿನಲ್ಲಿ ಉಬುಂಟು 18.04 ಇತ್ತು, ಹೊಸದರಲ್ಲಿ 22.04 ಇದೆ. ಸರ್ವರ್ ನಿಲ್ಲಿಸಿ ಇಡೀ ಡೇಟಾ ಡೈರೆಕ್ಟರಿಯನ್ನು ನಕಲು ಮಾಡಿಕೊಂಡೆ. ಎರಡರಲ್ಲೂ ಪೋಸ್ಟ್‌ಗ್ರೆಸ್ 14 ಇದ್ದುದರಿಂದಲೇ ಏನೂ ಬದಲಾಗಿಲ್ಲ ಎಂದು ಬರೆದದ್ದು.

ಬೇರುಕೊಂಬೆ:
ಕಾರಣ ಅಲ್ಲಿಯೇ ಇದೆ. ಕಲಿಯುವ ಆಸೆ ಇದೆ ಎಂದಿದ್ದೀರಿ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಿಮ್ಮ ಇಂಡೆಕ್ಸ್ ಇರುವುದು ಬಿ-ಟ್ರೀ ಎಂಬ ಮರದಂಥ ರಚನೆಯಲ್ಲಿ. ಅದನ್ನು ಬೋಯಿಂಗ್ ಸಂಸ್ಥೆಯ ಪ್ರಯೋಗಾಲಯದಲ್ಲಿದ್ದ ಬೇಯರ್ ಮತ್ತು ಮೆಕ್‌ಕ್ರೈಟ್ ರೂಪಿಸಿದರು. ಒಂದೇ ಸಮಯದಲ್ಲಿ ಹಲವರು ಓದುತ್ತ, ಬರೆಯುತ್ತ ಇರುವಾಗಲೂ ಅದನ್ನು ನಡೆಸುವ ಕ್ರಮವನ್ನು ಲೇಮನ್ ಮತ್ತು ಯಾವ್ 1981ರಲ್ಲಿ ಪ್ರಕಟಿಸಿದರು. ಪೋಸ್ಟ್‌ಗ್ರೆಸ್ ಆಧರಿಸಿರುವುದು ಅವರ ವಿಧಾನವನ್ನೇ. ಆದರೆ ಈ ಎಲ್ಲ ಕಟ್ಟಡ ನಿಂತಿರುವುದು ಒಂದೇ ಊಹೆಯ ಮೇಲೆ: ಎರಡು ಕೀಗಳನ್ನು (ಇಂಡೆಕ್ಸ್‌ನಲ್ಲಿರುವ ಮೌಲ್ಯಗಳನ್ನು) ಕೊಟ್ಟು ಯಾವುದು ಚಿಕ್ಕದು ಎಂದು ಕೇಳಿದರೆ ಇಂದು ಬಂದ ಉತ್ತರವೇ ನಾಳೆಯೂ ಬರಬೇಕು. ಮರದಲ್ಲಿ ಎಡಕ್ಕೆ ಹೋಗಬೇಕೋ ಬಲಕ್ಕೆ ಹೋಗಬೇಕೋ ಎಂಬುದನ್ನು ಆ ಉತ್ತರ ಬಿಟ್ಟರೆ ಬೇರೆ ಯಾವುದೂ ತಿಳಿಸುವುದಿಲ್ಲ.

ಆ ಉತ್ತರವನ್ನು ಕೊಡುವವರು ಯಾರು? ಸಂಖ್ಯೆಗಳಾದರೆ ಪೋಸ್ಟ್‌ಗ್ರೆಸ್ ತಾನೇ ಹೋಲಿಸುತ್ತದೆ. ಪಠ್ಯವಾದರೆ, ಡೇಟಾಬೇಸ್ ಸೃಷ್ಟಿಸುವಾಗ ಬೇರೇನೂ ಹೇಳದಿದ್ದಲ್ಲಿ, ಆಪರೇಟಿಂಗ್ ಸಿಸ್ಟಮಿನ ಜಿಲಿಬ್‌ಸಿ ಲೈಬ್ರರಿಯನ್ನು ಕೇಳುತ್ತದೆ. 2018ರಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ವಿಂಗಡಣೆಯ ನಿಯಮಗಳ ಕೋಷ್ಟಕವನ್ನು ದೊಡ್ಡ ಪ್ರಮಾಣದಲ್ಲಿ ಬದಲಿಸಿದರು. ಉಬುಂಟು 18.04ರಲ್ಲಿ ಇದ್ದದ್ದು 2.27, 22.04ರಲ್ಲಿ ಇರುವುದು 2.35. ಹಳೆಯ ನಿಯಮದಲ್ಲಿ ಮೊದಲ ಸುತ್ತಿನ ಹೋಲಿಕೆಗೆ ಅಡ್ಡಗೆರೆ ಲೆಕ್ಕಕ್ಕಿರಲಿಲ್ಲ. 1-1 ಎಂಬುದು 11ರ ಪಕ್ಕದಲ್ಲಿ, ಅದರ ನಂತರ ಕೂರುತ್ತಿತ್ತು. ಹೊಸ ನಿಯಮದಲ್ಲಿ ಅಡ್ಡಗೆರೆಗೂ ಬೆಲೆ ಇದೆ, ಅದು ಅಂಕಿಗಳಿಗಿಂತ ಮುಂಚೆ ಬರುತ್ತದೆ.

ಈಗ ಒಂದು ಪುಟದಲ್ಲಿ 10, 11, 1-1 ಎಂಬ ಮೂರೇ ಕೀಗಳು ಹಳೆಯ ಕ್ರಮದಲ್ಲಿ ಇವೆ ಎಂದುಕೊಳ್ಳಿ. ಹೊಸ ಯಂತ್ರದಲ್ಲಿ ನೀವು 1-1 ಹುಡುಕುತ್ತೀರಿ. ನಡುವಿನ 11ರೊಡನೆ ಹೋಲಿಸಿದಾಗ 1-1 ಚಿಕ್ಕದು ಎಂಬ ಉತ್ತರ ಬರುತ್ತದೆ, ಎಡಕ್ಕೆ ಹೋಗುತ್ತದೆ. ಅಲ್ಲಿ 10 ಇದೆ, ಅದಕ್ಕಿಂತಲೂ ಚಿಕ್ಕದು ಎಂಬ ಉತ್ತರ ಬರುತ್ತದೆ. ಅದಕ್ಕೂ ಎಡಕ್ಕೆ ಏನೂ ಇಲ್ಲ, ಹುಡುಕಾಟ ಮುಗಿಯಿತು. ನಿಮ್ಮ ಕೀ ಬಲತುದಿಯಲ್ಲಿ ಸುಮ್ಮನೆ ಕೂತಿರುತ್ತದೆ. ಹುಡುಕುವ ದಾರಿಯಲ್ಲಿ ಎದುರಾಗುವ ಕೀಗಳ ವಿಚಾರದಲ್ಲಿ ಹಳೆಯ ನಿಯಮವೂ ಹೊಸ ನಿಯಮವೂ ಒಂದೇ ಉತ್ತರ ಕೊಟ್ಟರೆ ಸಾಲು ಸಿಗುತ್ತದೆ, ಇಲ್ಲವಾದರೆ ಇಲ್ಲ. ಕೆಲವು ಮಾತ್ರ ಸಿಗುವುದು ಇದರಿಂದಲೇ.

ಚೆಕ್‌ಸಮ್ ಏಕೆ ಹಿಡಿಯಲಿಲ್ಲ ಎಂದರೆ, ಬರೆದ ಬೈಟ್ ಬರೆದಂತೆಯೇ ಇದೆಯೇ ಎಂಬುದನ್ನಷ್ಟೇ ಅದು ನೋಡುತ್ತದೆ. ಬೈಟ್‌ಗಳು ಹಾಗೆಯೇ ಇವೆ, ಅವುಗಳ ಕ್ರಮದ ಅರ್ಥ ಬದಲಾಗಿದೆ. ಹಳೇಸರ್ವರ್ ಅವರ ಇಸಿಸಿ ಮೆಮೊರಿಯಿಂದಲೂ ಇಲ್ಲಿ ಪ್ರಯೋಜನವಾಗುತ್ತಿರಲಿಲ್ಲ.

ಇದನ್ನು ನೀವೇ ಕಣ್ಣಾರೆ ನೋಡಬಹುದು. ಇಂಡೆಕ್ಸಿನ ಕ್ರಮ ಸರಿಯಿದೆಯೇ ಎಂದು ನೋಡುವ ಆಮ್‌ಚೆಕ್ ಎಂಬ ಎಕ್ಸ್‌ಟೆನ್ಷನ್ 10ನೇ ಆವೃತ್ತಿಯಿಂದ ಜೊತೆಯಲ್ಲಿಯೇ ಬರುತ್ತದೆ, ಅದನ್ನು ಪ್ರೈಮರಿ ಕೀ ಇಂಡೆಕ್ಸ್ ಮೇಲೆ ಓಡಿಸಿ. ಆಮೇಲೆ ಪೇಜ್‌ಇನ್‌ಸ್ಪೆಕ್ಟ್‌ನಿಂದ ಆ ಪುಟವನ್ನು ತೆರೆದು ನೋಡಿ.

ಚಿಕ್ಕಕಡತ:
ಇಷ್ಟೆಲ್ಲ ತಾಪತ್ರಯ ಬೇಕಿತ್ತೇ? 40 ಸಾವಿರ ಸಾಲಿಗೆ ಎಸ್‌ಕ್ಯೂಲೈಟ್ ಎಂಬ ಒಂದೇ ಕಡತದ ಡೇಟಾಬೇಸ್ ಧಾರಾಳವಾಗಿ ಸಾಕು. ಅದು ತಾನಾಗಿ ಬೈಟ್‌ಗಳನ್ನೇ ಹೋಲಿಸುತ್ತದೆ, ಆಪರೇಟಿಂಗ್ ಸಿಸ್ಟಮನ್ನು ಕೇಳುವುದೇ ಇಲ್ಲ. ಕಡತವನ್ನು ಯಾವ ಯಂತ್ರಕ್ಕೆ ಒಯ್ದರೂ ಕ್ರಮ ಬದಲಾಗುವುದಿಲ್ಲ.

ಅರ್ಕಾವೊತ್ತು:
ಬೈಟ್ ಕ್ರಮದಲ್ಲಿ ಕನ್ನಡ ಸರಿಯಾಗಿ ವಿಂಗಡಣೆಯಾಗುವುದಿಲ್ಲ, ಸ್ವಾಮಿ. ಯುನಿಕೋಡ್‌ನಲ್ಲಿ 'ಳ'ಕಾರ 'ಲ'ಕಾರದ ಪಕ್ಕದಲ್ಲಿದೆ, ನಮ್ಮ ವರ್ಣಮಾಲೆಯಲ್ಲಿ ಅದು 'ಹ'ಕಾರದ ನಂತರ ಬರುತ್ತದೆ. ನಿಘಂಟಿನಲ್ಲಿ 'ಬೆವರು' ಮೊದಲು, 'ಬೆಳಕು' ಆಮೇಲೆ. ನಿಮ್ಮ ಎಸ್‌ಕ್ಯೂಲೈಟ್‌ನಲ್ಲಿ ತಲೆಕೆಳಗು. ವಾಚನಾಲಯದವರು ಲೇಖಕರ ಪಟ್ಟಿಯನ್ನು ಮುದ್ರಿಸಿ ಗೋಡೆಗೆ ಹಚ್ಚಿದರೆ ಮೊದಲ ದಿನವೇ ಯಾರಾದರೂ ತಪ್ಪು ಹಿಡಿಯುತ್ತಾರೆ.

ಚಿಕ್ಕಕಡತ:
ಅದಕ್ಕೆ ನಮ್ಮದೇ ಕೊಲೇಷನ್ (ವಿಂಗಡಣೆಯ ನಿಯಮ) ಬರೆದು ಸೇರಿಸಿಕೊಳ್ಳಬಹುದು. ನಾನು ಹಾಗೆಯೇ ಮಾಡಿಕೊಂಡಿದ್ದೇನೆ.

ಬೇರುಕೊಂಬೆ:
ಸೇರಿಸಿಕೊಂಡ ಆ ಫಂಕ್ಷನ್ನನ್ನು ಮುಂದೊಂದು ದಿನ ತಿದ್ದಿದರೆ ನಿಮ್ಮ ಇಂಡೆಕ್ಸ್‌ಗಳಿಗೂ ಇದೇ ಗತಿಯಾಗುತ್ತದೆ. ಹಳೆಯ ವರ್ಣಕ್ರಮದಲ್ಲಿ ಅಚ್ಚಾದ ನಿಘಂಟನ್ನು ಹೊಸ ವರ್ಣಕ್ರಮ ಕಲಿತವನ ಕೈಗೆ ಕೊಟ್ಟಂತೆ. ಹೋಲಿಕೆಯ ನಿಯಮ ಯಾರ ಕೈಯಲ್ಲಿರಬೇಕು ಎಂಬುದು ವಿನ್ಯಾಸದ ಪ್ರಶ್ನೆ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತನ್ನ ಕೊಲೇಷನ್‌ಗಳನ್ನು ತಾನೇ ಹೊತ್ತುಕೊಂಡು ಬರುತ್ತದೆ; 8.0ರಲ್ಲಿ ಬಂದವುಗಳ ಹೆಸರಿನಲ್ಲಿಯೇ 0900 ಎಂದು ನಿಯಮದ ಆವೃತ್ತಿ ಸೇರಿದೆ. ಪೋಸ್ಟ್‌ಗ್ರೆಸ್ ದೀರ್ಘಕಾಲ ಅದನ್ನು ಸಿಸ್ಟಮಿಗೆ ಬಿಟ್ಟುಕೊಟ್ಟಿತ್ತು; ನನ್ನ ದೃಷ್ಟಿಯಲ್ಲಿ ಅದು ದುಬಾರಿ ತೀರ್ಮಾನ.

ಪುಸ್ತಕದಹುಳು:
ಆಮ್‌ಚೆಕ್ ಓಡಿಸಿದ ತಕ್ಷಣ 'ಐಟಂ ಆರ್ಡರ್ ಇನ್‌ವೇರಿಯಂಟ್ ವಯಲೇಟೆಡ್' (ಕ್ರಮದ ನಿಯಮ ಮುರಿದಿದೆ) ಎಂಬ ದೋಷ ಬಂತು. 11 ಇರುವ ಪುಟವನ್ನು ತೆರೆದು ನೋಡಿದೆ. ಒಂದು ಸಾಲಿನಲ್ಲಿ 07 31 31, ಅದರ ಮುಂದಿನ ಸಾಲಿನಲ್ಲಿಯೇ 09 31 2ಡಿ 31. 31 ಎಂದರೆ 1, 2ಡಿ ಎಂದರೆ ಅಡ್ಡಗೆರೆ, ಮೊದಲ ಬೈಟ್ ಉದ್ದವನ್ನು ಹೇಳುತ್ತದೆ ಎಂದು ಊಹಿಸಿದ್ದೇನೆ. ಅಂದರೆ ಹಳೆಯ ಲ್ಯಾಪ್‌ಟಾಪಿನ ವಿಂಗಡಣೆ ಈ ಪುಟದಲ್ಲಿ ಹಾಗೆಯೇ ಉಳಿದುಕೊಂಡಿದೆ.

ಇಂಡೆಕ್ಸನ್ನು ಹೊಸದಾಗಿ ಕಟ್ಟುವ ರೀಇಂಡೆಕ್ಸ್ ಮಾಡಲು ಹೋದರೆ ಯೂನಿಕ್ ಇಂಡೆಕ್ಸ್ ಕಟ್ಟಲು ಆಗುವುದಿಲ್ಲ, ಕೀ ಎರಡು ಬಾರಿ ಇದೆ ಎನ್ನುತ್ತದೆ. ಪುಸ್ತಕ ಸಿಗುತ್ತಿಲ್ಲವೆಂದು ವಾಚನಾಲಯದ ಸ್ವಯಂಸೇವಕರು ಕೆಲವನ್ನು ಮತ್ತೆ ನಮೂದಿಸಿದ್ದಾರಂತೆ. ಪ್ರೈಮರಿ ಕೀ ಇದ್ದೂ ಅದು ಹೇಗೆ ಒಳಗೆ ಬಿಟ್ಟುಕೊಂಡಿತು?

ಬೇರುಕೊಂಬೆ:
ಬೈಟ್‌ಗಳ ಓದು ಸರಿಯಾಗಿದೆ. ಹೊಸ ಸಾಲು ಬಂದಾಗ ಅದೇ ಕೀ ಮೊದಲೇ ಇದೆಯೇ ಎಂಬುದನ್ನು ಪ್ರೈಮರಿ ಕೀ ಇದೇ ಇಂಡೆಕ್ಸಿನಲ್ಲಿ ಹುಡುಕಿ ತಿಳಿಯುತ್ತದೆ. ಹುಡುಕಾಟ ಇಲ್ಲ ಎಂದಿತು, ಸಾಲು ಒಳಗೆ ಬಂತು. ಎರವಲನ್ನು ಬರೆದಿಡುವ ಟೇಬಲ್ ಇದ್ದರೆ ಅದರ ಫಾರಿನ್ ಕೀ (ಅಲ್ಲಿನ ಕ್ರಮಸಂಖ್ಯೆ ಪುಸ್ತಕಪಟ್ಟಿಯಲ್ಲಿ ಇರಲೇಬೇಕೆಂಬ ನಿಯಮ) ತಪಾಸಣೆಯೂ ಇದೇ ಇಂಡೆಕ್ಸನ್ನು ನಂಬುತ್ತದೆ, ಹಾಗಾಗಿ ಎಚ್ಚರಿಕೆಯಿಂದ ಹೆಜ್ಜೆ ಇಡಿ.

ಮೊದಲು ಡೇಟಾ ಡೈರೆಕ್ಟರಿಯ ಪ್ರತಿಯೊಂದನ್ನು ತೆಗೆದಿಡಿ, ಸ್ವಯಂಸೇವಕರಿಗೆ ನಮೂದು ನಿಲ್ಲಿಸಲು ಹೇಳಿ. ಇಂಡೆಕ್ಸ್ ಬಳಕೆಯ ಎಲ್ಲ ಬಗೆಗಳನ್ನೂ ಆಫ್ ಮಾಡಿಯೇ ಒಂದಕ್ಕಿಂತ ಹೆಚ್ಚು ಬಾರಿ ಇರುವ ಕ್ರಮಸಂಖ್ಯೆಗಳನ್ನು ಗುಂಪು ಮಾಡಿ ಪಟ್ಟಿ ಮಾಡಿಕೊಳ್ಳಿ. ಎರಡು ಸಾಲುಗಳಲ್ಲಿ ಯಾವುದನ್ನು ಉಳಿಸಬೇಕೆಂಬುದನ್ನು ಪುಸ್ತಕ ಬಲ್ಲವರು ನೋಡಿ ನಿರ್ಧರಿಸಲಿ. ಅಳಿಸುವಾಗ ಕ್ರಮಸಂಖ್ಯೆಯಿಂದ ಅಲ್ಲ, ಆ ಸಾಲಿನ ಸಿಟಿಐಡಿಯಿಂದ (ಟೇಬಲ್‌ನಲ್ಲಿ ಸಾಲು ಇರುವ ಜಾಗದ ವಿಳಾಸದಿಂದ) ಗುರುತಿಸಿ, ಇಲ್ಲವಾದರೆ ಎರಡೂ ಹೋಗುತ್ತವೆ. ಅದಕ್ಕೂ ಮುಂಚೆ ಎರವಲು ಟೇಬಲ್‌ನ ಫಾರಿನ್ ಕೀಯನ್ನು ತಾತ್ಕಾಲಿಕವಾಗಿ ತೆಗೆಯಿರಿ. ಅದರಲ್ಲಿ ಕ್ಯಾಸ್ಕೇಡ್ ಇದ್ದರೆ ನಕಲು ಸಾಲಿನ ಜೊತೆ ಎರವಲಿನ ದಾಖಲೆಗಳೂ ಅಳಿಸಿಹೋಗುತ್ತವೆ. ಇಷ್ಟಾದ ಮೇಲೆ ರೀಇಂಡೆಕ್ಸ್, ಬಳಿಕ ಫಾರಿನ್ ಕೀ ಮರುಸೇರ್ಪಡೆ. ಪಠ್ಯದ ಕಾಲಂ ಇರುವ ಎಲ್ಲ ಇಂಡೆಕ್ಸ್‌ಗಳಿಗೂ ರೀಇಂಡೆಕ್ಸ್ ಬೇಕು, ಈ ಒಂದಕ್ಕೆ ಮಾತ್ರವಲ್ಲ.

ಮುಂದಿನ ದಿನಗಳಿಗಾಗಿ ಹೇಳುವುದಾದರೆ, ಕ್ರಮಸಂಖ್ಯೆಯಂಥ ಗುರುತಿನ ಕಾಲಂಗೆ ಭಾಷೆಯ ವಿಂಗಡಣೆ ಬೇಕಾಗಿಯೇ ಇಲ್ಲ. ಅದಕ್ಕೆ 'ಸಿ' ಕೊಲೇಷನ್ ಕೊಟ್ಟರೆ ಬೈಟ್ ಹೋಲಿಕೆ ಮಾತ್ರ ನಡೆಯುತ್ತದೆ. ಶೀರ್ಷಿಕೆ, ಲೇಖಕರ ಹೆಸರುಗಳಿಗೆ ಐಸಿಯು ಎಂಬ ಯುನಿಕೋಡ್ ಲೈಬ್ರರಿಯ ಕೊಲೇಷನ್ ಬಳಸಬಹುದು. ಅದರ ನಿಯಮಗಳೂ ಬದಲಾಗುತ್ತವೆ, ಆದರೆ ಆವೃತ್ತಿ ದಾಖಲಾಗಿರುತ್ತದೆ. 15ನೇ ಆವೃತ್ತಿಯಿಂದ ಡೇಟಾಬೇಸಿನ ಮೂಲ ಕೊಲೇಷನ್ನಿನ ಆವೃತ್ತಿಯನ್ನೂ ಬರೆದಿಟ್ಟುಕೊಳ್ಳುತ್ತಾರೆ. ನಿಮ್ಮಲ್ಲಿ 15 ಇದ್ದಿದ್ದರೆ ಹೊಸ ಯಂತ್ರದಲ್ಲಿ ಸಂಪರ್ಕಿಸಿದ ಕೂಡಲೇ ಎಚ್ಚರಿಕೆ ಬರುತ್ತಿತ್ತು.

ಪುಸ್ತಕದಹುಳು:
ನಕಲುಗಳನ್ನು ತೆಗೆದು ರೀಇಂಡೆಕ್ಸ್ ಮಾಡಿದೆ, ಪ್ರೈಮರಿ ಕೀ ಮೇಲೆ ಆಮ್‌ಚೆಕ್ ಈಗ ಮೌನವಾಗಿದೆ. 1-1 ಸಿಗುತ್ತಿದೆ. ಒಂದು ಅನುಮಾನ ಉಳಿದಿದೆ: ಡೈರೆಕ್ಟರಿಯನ್ನು ನಕಲು ಮಾಡುವ ಬದಲು ಪಿಜಿ-ಡಂಪ್ ಎಂಬ ಸಾಧನದಿಂದ ದತ್ತಾಂಶವನ್ನು ಹೊರತೆಗೆದು ಹೊಸದರಲ್ಲಿ ತುಂಬಿದ್ದರೆ ಹೀಗಾಗುತ್ತಿತ್ತೇ?

ಬೇರುಕೊಂಬೆ:
ಆಗುತ್ತಿರಲಿಲ್ಲ. ಡಂಪ್‌ನಲ್ಲಿ ಇಂಡೆಕ್ಸಿನ ಪುಟಗಳಿರುವುದಿಲ್ಲ, ಅದನ್ನು ಕಟ್ಟುವ ಆದೇಶ ಮಾತ್ರ ಇರುತ್ತದೆ. ಹೊಸ ಯಂತ್ರ ತನ್ನದೇ ನಿಯಮದಲ್ಲಿ ಕಟ್ಟಿಕೊಳ್ಳುತ್ತದೆ. ಒಂದು ಯಂತ್ರದ ಪುಟಗಳನ್ನು ಹಾಗೆಯೇ ಇನ್ನೊಂದಕ್ಕೆ ಸಾಗಿಸುವ ರೆಪ್ಲಿಕಾದಲ್ಲಿಯೂ ಎರಡೂ ಕಡೆಯ ಜಿಲಿಬ್‌ಸಿ ಬೇರೆಯಾದರೆ ಇದೇ ತೊಂದರೆ ಬರುತ್ತದೆ.

ಚಿಕ್ಕಕಡತ:
ನನ್ನ ಕನ್ನಡ ಕೊಲೇಷನ್ ಫಂಕ್ಷನ್ನನ್ನು ಬೇರೆ ಎಳೆಯಲ್ಲಿ ಹಾಕಿದ್ದೇನೆ, 'ಬೆಳಕು' ಈಗ 'ಬೆವರು' ಆದ ಮೇಲೆಯೇ ಬರುತ್ತದೆ.

ಅರ್ಕಾವೊತ್ತು:
ನೋಡಿದೆ. ಅನುಸ್ವಾರವನ್ನು ಎಲ್ಲಿ ಇಟ್ಟಿದ್ದೀರಿ ಎಂಬುದಕ್ಕೆ ಅಲ್ಲಿಯೇ ಪ್ರಶ್ನೆ ಹಾಕಿದ್ದೇನೆ.