ಕಳವು ಪ್ರಕರಣದಿಂದ ಖುಲಾಸೆಯಾದ ಮೇಲೆ ಪೊಲೀಸರ ವಿರುದ್ಧ ಪರಿಹಾರದ ದಾವೆ ಹೂಡಬಹುದೇ?

ತೋಟದಮನೆ (ದಾವಣಗೆರೆ ಜಿಲ್ಲೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಅಡಿಕೆ ಚೇಣಿ (ತೋಟದ ಫಸಲನ್ನು ಗುತ್ತಿಗೆಗೆ ಹಿಡಿಯುವುದು) ಮಾಡುವವನು. 2022ರ ಕೊಯ್ಲಿನ ಹೊತ್ತಿಗೆ ತೋಟದ ಮಾಲೀಕರೊಬ್ಬರು ತಮ್ಮ ಗೋದಾಮಿನಿಂದ ಒಣ ಅಡಿಕೆ ಕಳುವಾಗಿದೆ ಎಂದು ದೂರು ಕೊಟ್ಟು, ಅನುಮಾನ ನನ್ನ ತಮ್ಮನ ಮೇಲೆ ಎಂದು ಬರೆಸಿದರು. ಅವರಿಬ್ಬರ ನಡುವೆ ಚೇಣಿಯ ಲೆಕ್ಕದಲ್ಲಿ ಅದಕ್ಕೂ ಮೊದಲೇ ತಕರಾರಿತ್ತು. ನಮ್ಮ ಜಿಲ್ಲೆಯ ಒಂದು ಠಾಣೆಯವರು ವಿಚಾರಣೆಗೆಂದು ಅವನನ್ನು ಕರೆದೊಯ್ದು ಎರಡು ರಾತ್ರಿ ಅಲ್ಲಿಯೇ ಕೂರಿಸಿಕೊಂಡರು. ಮೂರನೆಯ ದಿನ ಬೆಳಿಗ್ಗೆಯಷ್ಟೇ ದಸ್ತಗಿರಿ ಮಾಡಿದಂತೆ ಕಾಗದ ಬರೆದು, ಸಂಜೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು. ಜಾಮೀನು ಸಿಗುವವರೆಗೆ ಅವನು ಜೈಲಿನಲ್ಲಿದ್ದ. ಅವನ ಗೂಡ್ಸ್ ವಾಹನವನ್ನೂ ಜಪ್ತಿ ಮಾಡಿದ್ದರು. ನ್ಯಾಯಾಲಯದ ಆದೇಶ ತಂದು ಬಿಡಿಸಿಕೊಳ್ಳುವಾಗ ಅದರಲ್ಲಿ ಬ್ಯಾಟರಿಯೂ ಇರಲಿಲ್ಲ, ಎರಡು ಚಕ್ರಗಳೂ ಇರಲಿಲ್ಲ.

ಕಳೆದ ದೀಪಾವಳಿಗೆ ಸ್ವಲ್ಪ ಮುಂಚೆ ತೀರ್ಪು ಬಂದು ತಮ್ಮ ಖುಲಾಸೆಯಾದ. ಪಂಚರಿಬ್ಬರೂ (ಜಪ್ತಿಗೆ ಸಾಕ್ಷಿಯಾಗಿ ಸಹಿ ಹಾಕಿದವರು) ಪ್ರತಿಕೂಲ ಸಾಕ್ಷಿಗಳಾದರು, ಜಪ್ತಿಯಾದ ಚೀಲಗಳು ದೂರುದಾರರವೇ ಎಂಬುದು ಸಾಬೀತಾಗಲಿಲ್ಲ ಎಂದು ತೀರ್ಪಿನಲ್ಲಿದೆ. ಈಗ ಪೊಲೀಸರ ಮೇಲೆ ಸಿವಿಲ್ ದಾವೆ ಹೂಡಿ ನಷ್ಟ ಪರಿಹಾರ ಕೇಳಬಹುದೇ? ಊರಿನಲ್ಲಿ ಕೆಲವರು, ಪೊಲೀಸರ ಮೇಲೆ ದಾವೆ ಹಾಕಲು ಸರ್ಕಾರವೇ ಒಪ್ಪಬೇಕು, ಅದು ಆಗಿಹೋಗುವ ಮಾತಲ್ಲ ಎನ್ನುತ್ತಿದ್ದಾರೆ.

ದುರ್ಗದ ವಕೀಲ:

ನಿಮ್ಮ ಪ್ರಶ್ನೆಯಲ್ಲಿ ಮೂರು ಬೇರೆಬೇರೆ ಅನ್ಯಾಯಗಳು ಸೇರಿಕೊಂಡಿವೆ. ಠಾಣೆಯಲ್ಲಿ ಕಳೆದ ಎರಡು ರಾತ್ರಿ ಒಂದು, ಸುಳ್ಳು ಮೊಕದ್ದಮೆ ಇನ್ನೊಂದು, ವಾಹನದ ಹಾನಿ ಮತ್ತೊಂದು. ಮೂರಕ್ಕೂ ಕಾಲಮಿತಿ ಬೇರೆ, ಸಾಕ್ಷ್ಯವೂ ಬೇರೆ. ನಮ್ಮಲ್ಲಿ ಇಂತಹ ದಾವೆಗಳು ಬಿದ್ದುಹೋಗುವುದು ಬಹುಪಾಲು ಎಲ್ಲವನ್ನೂ ಒಂದೇ ಕಥೆಯಾಗಿ ಬರೆದು, ತಡವಾಗಿ ಸಲ್ಲಿಸುವುದರಿಂದ ಎಂಬುದು ನನ್ನ ಅಭಿಪ್ರಾಯ.

ಬಂಧಿಸಿದವರನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕೆಂದು ಸಂವಿಧಾನದ 22ನೆಯ ವಿಧಿಯೇ ಹೇಳುವುದರಿಂದ, ಆ ಎರಡು ರಾತ್ರಿಗಳು ಅಕ್ರಮ ಬಂಧನವೆಂಬುದರಲ್ಲಿ ಸಂದೇಹವಿಲ್ಲ. ಆದರೆ 1963ರ ಕಾಲಮಿತಿ ಕಾಯ್ದೆಯ 73ನೆಯ ಅನುಚ್ಛೇದದ ಪ್ರಕಾರ ಅಕ್ರಮ ಬಂಧನಕ್ಕಾಗಿ ಪರಿಹಾರ ಕೇಳುವ ದಾವೆಯನ್ನು ಬಂಧನ ಮುಗಿದ ಒಂದು ವರ್ಷದೊಳಗೆ ಹೂಡಬೇಕಿತ್ತು. ಆ ಅವಧಿ ಎಂದೋ ಮುಗಿದಿದೆ. ಮ್ಯಾಜಿಸ್ಟ್ರೇಟರು ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿದ ನಂತರದ ದಿನಗಳು ನ್ಯಾಯಾಲಯದ ಆದೇಶದ ಮೇಲೆ ಕಳೆದವಾದ್ದರಿಂದ, ಅವನ್ನು ಪೊಲೀಸರ ಅಕ್ರಮ ಬಂಧನವೆಂದು ಲೆಕ್ಕ ಹಿಡಿಯಲು ಬರುವುದಿಲ್ಲ.

ಉಳಿಯುವ ಮುಖ್ಯ ದಾರಿ ದುರುದ್ದೇಶದಿಂದ ಮೊಕದ್ದಮೆ ಹೂಡಿದ್ದಕ್ಕಾಗಿ ಪರಿಹಾರದ ದಾವೆ. 74ನೆಯ ಅನುಚ್ಛೇದದಂತೆ ಇದರ ಒಂದು ವರ್ಷ ಖುಲಾಸೆಯ ದಿನದಿಂದ ಆರಂಭವಾಗುವುದರಿಂದ ನಿಮಗೆ ಇನ್ನೂ ಸಮಯವಿದೆ. ಆದರೆ ಖುಲಾಸೆಯೊಂದೇ ಸಾಲದು. ಮೊಕದ್ದಮೆಗೆ ಸಮಂಜಸವಾದ, ಸಂಭವನೀಯವಾದ ಕಾರಣವಿರಲಿಲ್ಲ, ಅದರ ಹಿಂದೆ ದುರುದ್ದೇಶವಿತ್ತು, ಅದರಿಂದ ನಷ್ಟವಾಯಿತು ಎಂಬುದನ್ನು ನಿಮ್ಮ ತಮ್ಮನೇ ಸಾಬೀತು ಮಾಡಬೇಕು. ಕ್ರಿಮಿನಲ್ ನ್ಯಾಯಾಲಯದ ತೀರ್ಪಿನಿಂದ ಸಿವಿಲ್ ನ್ಯಾಯಾಲಯದಲ್ಲಿ ರುಜುವಾತಾಗುವುದು ಖುಲಾಸೆಯಾಯಿತು ಎಂಬಷ್ಟೇ. ಪಂಚರು ತಿರುಗಿಬಿದ್ದದ್ದರಿಂದ ಬಿಡುಗಡೆಯಾದರೆ, ತನಿಖಾಧಿಕಾರಿಗೆ ಆಗ ಅನುಮಾನಕ್ಕೆ ಕಾರಣವಿತ್ತು ಎಂದು ಎದುರು ಪಕ್ಷದವರು ವಾದಿಸಿಯೇ ವಾದಿಸುತ್ತಾರೆ.

ಊರಿನವರು ಹೇಳುವ ಅನುಮತಿಯ ಮಾತು ಪೂರ್ತಿ ಸುಳ್ಳಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 170ನೆಯ ಕಲಮಿನಂತೆ, ಕರ್ತವ್ಯದ ನೆಪದಲ್ಲಿ ಅಥವಾ ಅಧಿಕಾರವನ್ನು ಮೀರಿ ಮಾಡಿದ ಕೃತ್ಯಕ್ಕಾಗಿ ಪೊಲೀಸ್ ಅಧಿಕಾರಿಯ ಮೇಲೆ ದಾವೆಯನ್ನಾಗಲಿ ಕ್ರಿಮಿನಲ್ ಮೊಕದ್ದಮೆಯನ್ನಾಗಲಿ ಸರ್ಕಾರದ ಪೂರ್ವಾನುಮತಿಯಿಲ್ಲದೆ ನ್ಯಾಯಾಲಯ ಪುರಸ್ಕರಿಸುವಂತಿಲ್ಲ. ಕೃತ್ಯ ನಡೆದು ಒಂದು ವರ್ಷವಾದ ಮೇಲೆ ಹೂಡಿದ್ದರೆ ವಜಾ ಮಾಡಬೇಕು. 2020ರಲ್ಲಿ ಡಿ. ದೇವರಾಜ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಲಮನ್ನೇ ಪರಿಶೀಲಿಸಿ, ಅಧಿಕಾರ ಮೀರಿದ ಕೃತ್ಯಕ್ಕೂ ಕರ್ತವ್ಯದೊಂದಿಗೆ ನಂಟಿದ್ದರೆ ರಕ್ಷಣೆ ಉಂಟು ಎಂದಿತು. ಹೆಡ್ ಕಾನ್‌ಸ್ಟೇಬಲ್ ಒಬ್ಬರು ಸುಳ್ಳು ಪಂಚನಾಮೆ ಬರೆದ ಆರೋಪದ ವಿರೂಪಾಕ್ಷಪ್ಪ ಪ್ರಕರಣದಲ್ಲಿಯೂ (1963ರಲ್ಲಿ ವರದಿಯಾದದ್ದು, ಅದೂ ಆಗಿನ ಮೈಸೂರು ರಾಜ್ಯದ್ದೇ) ಅದು ಕರ್ತವ್ಯದ ನೆಪದಲ್ಲಿ ಮಾಡಿದ ಕೃತ್ಯವೆಂದೇ ತೀರ್ಮಾನವಾಗಿತ್ತು. ಆದರೆ ಠಾಣೆಯಲ್ಲಿ ಹೊಡೆದದ್ದಕ್ಕೆ ಅಂಥ ರಕ್ಷಣೆಯಿಲ್ಲವೆಂದು 1964ರ ವೇಣುಗೋಪಾಲ್ ಪ್ರಕರಣದಲ್ಲಿ, ಮದ್ರಾಸಿನ ಕಾಯ್ದೆಯ ಸಂದರ್ಭದಲ್ಲಿ, ಅದೇ ನ್ಯಾಯಾಲಯ ಹೇಳಿದೆ. ನಿಮ್ಮದು ಬರಹದ ಸುಳ್ಳಿನ ಪ್ರಕರಣವಾದ್ದರಿಂದ 170ನೆಯ ಕಲಮಿನ ತಕರಾರು ಖಂಡಿತ ಬರುತ್ತದೆ. ಪೂರ್ವಾನುಮತಿಗೆ ಅರ್ಜಿಯನ್ನು ಈಗಲೇ ಹಾಕಿ. ನೋಟಿಸಿನ ಅವಧಿಯನ್ನೂ ಅನುಮತಿಗೆ ಹಿಡಿದ ಸಮಯವನ್ನೂ ಕಾಲಮಿತಿಯಿಂದ ಕಳೆಯಲು ಕಾಲಮಿತಿ ಕಾಯ್ದೆಯ 15ನೆಯ ಕಲಮಿನಲ್ಲಿ ಅವಕಾಶವಿದೆ.

ಪಿ.ಜೆ. ಬಡಾವಣೆ:

ವಕೀಲರ ಮಾತಿಗೆ ನನ್ನದೊಂದು ಭಿನ್ನಾಭಿಪ್ರಾಯ. ಇಷ್ಟೆಲ್ಲ ಅಡ್ಡಗೋಡೆಗಳನ್ನು ದಾಟುವ ಬದಲು ಉಚ್ಚ ನ್ಯಾಯಾಲಯದಲ್ಲಿ 226ನೆಯ ವಿಧಿಯಡಿ ರಿಟ್ ಅರ್ಜಿ ಹಾಕುವುದೇ ಲೇಸಲ್ಲವೇ? 1983ರ ರುದುಲ್ ಸಾಹ್ ಪ್ರಕರಣದಲ್ಲಿ, ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲಿಟ್ಟಿದ್ದವರಿಗೆ ಸರ್ವೋಚ್ಚ ನ್ಯಾಯಾಲಯ ರಿಟ್ ಅರ್ಜಿಯಲ್ಲಿಯೇ ಪರಿಹಾರ ಕೊಡಿಸಿತು. 1993ರ ನೀಲಾಬತಿ ಬೆಹೆರಾ ಪ್ರಕರಣದಲ್ಲಿ 1.5 ಲಕ್ಷ ರೂಪಾಯಿ ಕೊಡಿಸಿ, ಮೂಲಭೂತ ಹಕ್ಕಿನ ಉಲ್ಲಂಘನೆಗೆ ಪರಿಹಾರ ಕೇಳಿದಾಗ ಸಾರ್ವಭೌಮ ವಿನಾಯಿತಿಯ (ಆಳ್ವಿಕೆಯ ಕೆಲಸದ ತಪ್ಪಿಗೆ ಸರ್ಕಾರ ಹೊಣೆಯಲ್ಲ ಎಂಬ) ನೆಪ ನಡೆಯುವುದಿಲ್ಲ ಎಂದಿತು. 2018ರಲ್ಲಿ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ಕೊಡಿಸಿದ್ದೂ ಸಿವಿಲ್ ದಾವೆಗಾಗಿ ಕಾಯಿಸದೆಯೇ. ದಾವೆ ಹೂಡಿದರೆ ಸರ್ಕಾರವು 1965ರ ಕಸ್ತೂರಿಲಾಲ್ ತೀರ್ಪನ್ನು ಮುಂದೆ ಹಿಡಿದು, ಬಂಧನ ಮತ್ತು ಜಪ್ತಿ ಸಾರ್ವಭೌಮ ಕಾರ್ಯಗಳು, ಅವುಗಳ ತಪ್ಪಿಗೆ ತಾನು ಹೊಣೆಯಲ್ಲ ಎಂದು ಈಗಲೂ ವಾದಿಸುತ್ತದೆ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಿಗೆ ಉಚ್ಚ ನ್ಯಾಯಾಲಯದ ಬೆಂಗಳೂರಿನ ಪ್ರಧಾನ ಪೀಠ. ಹೊಳೆಯಾಚೆಯ ರಾಣೆಬೆನ್ನೂರಿನವರಾಗಿದ್ದರೆ ಧಾರವಾಡಕ್ಕೆ ಹೋಗಬೇಕಿತ್ತು.

ದುರ್ಗದ ವಕೀಲ:

ತಾವು ಹೆಸರಿಸಿದ ಪ್ರಕರಣಗಳಲ್ಲಿ ಅನ್ಯಾಯವು ಕಡತದ ಮೇಲೆಯೇ ನಿಚ್ಚಳವಾಗಿತ್ತು, ಇಲ್ಲವೇ ನ್ಯಾಯಾಂಗದ ವಿಚಾರಣೆಯಲ್ಲಿ ಅಥವಾ ಸಿಬಿಐ ತನಿಖೆಯಲ್ಲಿ ಹೊರಬಿದ್ದಿತ್ತು. ಪೊಲೀಸರು ಅಲ್ಲಗಳೆಯುವ ಸಂಗತಿಗಳಿಗೆ ಸಾಕ್ಷಿ ವಿಚಾರಣೆ ಬೇಕಾದಾಗ, ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಎಂದು ರಿಟ್ ಅರ್ಜಿಯನ್ನು ಮುಗಿಸಿಬಿಡುತ್ತಾರೆ. 2006ರ ಸುಬೇ ಸಿಂಗ್ ಪ್ರಕರಣದಲ್ಲಿ, ಉಲ್ಲಂಘನೆ ನಿರ್ವಿವಾದವಾಗಿರಬೇಕು ಎಂಬ ಎಚ್ಚರಿಕೆಯನ್ನು ಸರ್ವೋಚ್ಚ ನ್ಯಾಯಾಲಯವೇ ಕೊಟ್ಟಿದೆ. ಆದ್ದರಿಂದ ಇಲ್ಲಿ ಪ್ರಶ್ನೆಯೊಂದೇ: ಆ ಎರಡು ರಾತ್ರಿಗಳಿಗೆ ನಿಮ್ಮ ಬಳಿ ಕಾಗದವಿದೆಯೇ?

ತೋಟದಮನೆ:

ಒಂದಿದೆ. ತಮ್ಮನನ್ನು ಕರೆದೊಯ್ದ ಮರುದಿನ, ಅಂದರೆ ದಸ್ತಗಿರಿ ತೋರಿಸುವ ಮುನ್ನಾದಿನ, ನಮ್ಮ ಅವ್ವ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೆ ಮನವಿ ಕೊಟ್ಟು ಸ್ವೀಕೃತಿ ಪಡೆದಿದ್ದರು. ಮನವಿಯ ಪ್ರತಿಯ ಮೇಲೆ ಕಚೇರಿಯ ಮೊಹರೂ ತಾರೀಖೂ ಇವೆ. ಠಾಣೆಯ ಸಿಸಿಟಿವಿ ದೃಶ್ಯಗಳನ್ನು ಮಾತ್ರ ಆಗ ಕೇಳಬೇಕೆಂದು ತೋಚಲಿಲ್ಲ.

ನಿವೃತ್ತ ಶಿರಸ್ತೇದಾರ:

ಆ ಸ್ವೀಕೃತಿ ಬಹಳ ಬೆಲೆಯ ಕಾಗದ. ಮೂಲ ಪ್ರತಿಯನ್ನು ಯಾರ ಕೈಗೂ ಕೊಡಬೇಡಿ. ಅದರ ಜೊತೆಗೆ ದಸ್ತಗಿರಿ ಪತ್ರ, ರಿಮಾಂಡ್ ಅರ್ಜಿ, ದಸ್ತಗಿರಿಯಾದಾಗಿನ ವೈದ್ಯಕೀಯ ತಪಾಸಣೆಯ ವರದಿ, ತೀರ್ಪು ಮತ್ತು ಸಾಕ್ಷಿಗಳ ಹೇಳಿಕೆಗಳ ದೃಢೀಕೃತ ನಕಲುಗಳಿಗೆ ನ್ಯಾಯಾಲಯದ ನಕಲು ವಿಭಾಗದಲ್ಲಿ ಅರ್ಜಿ ಹಾಕಿ. ತನಿಖಾಧಿಕಾರಿಯ ಪಾಟೀಸವಾಲನ್ನು ಸಾಲುಸಾಲಾಗಿ ಓದಿ: ಚೇಣಿಯ ತಕರಾರು ತಮಗೆ ಗೊತ್ತಿತ್ತು ಎಂದು ಅವರು ಒಪ್ಪಿಕೊಂಡಿದ್ದರೆ ದುರುದ್ದೇಶದ ವಾದಕ್ಕೆ ಅದಕ್ಕಿಂತ ಬೇರೆ ಆಧಾರ ಬೇಡ. ಸಿಸಿಟಿವಿಯ ಮಾತು ನಿಮಗೆ ತಡವಾಯಿತು, ಇದನ್ನು ಓದುವ ಬೇರೆಯವರಿಗೆ ಉಪಯೋಗವಾಗಲಿ: ಠಾಣೆಯ ದೃಶ್ಯಗಳನ್ನು 18 ತಿಂಗಳು, ಆಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಿಡಬೇಕೆಂದು 2020ರ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಆದೇಶವಾಗಿದೆ. ಅಂಥ ಘಟನೆ ನಡೆದ ವಾರದಲ್ಲೇ ಬರವಣಿಗೆಯಲ್ಲಿ ಕೇಳಬೇಕು.

ದಾವೆ ಹೂಡುವ ಎರಡು ತಿಂಗಳ ಮುಂಚೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಕಲಮಿನ ನೋಟಿಸು ಕೊಡಲೇಬೇಕು. ರಾಜ್ಯ ಸರ್ಕಾರದ ಪರವಾಗಿ ಜಿಲ್ಲಾಧಿಕಾರಿಗಳಿಗೂ, ಪ್ರತಿವಾದಿಯಾಗಲಿರುವ ಪ್ರತಿಯೊಬ್ಬ ಅಧಿಕಾರಿಗೂ ಬೇರೆಬೇರೆಯಾಗಿ ನೋಂದಾಯಿತ ಅಂಚೆಯಲ್ಲಿ ಕಳಿಸಿ. ಪೊಲೀಸ್ ಕಾಯ್ದೆಯ 170ನೆಯ ಕಲಮು ಸಹ ಪ್ರತ್ಯೇಕ ನೋಟಿಸು ಕೇಳುವುದರಿಂದ, ಎರಡೂ ಕಲಮುಗಳನ್ನು ನೋಟಿಸಿನಲ್ಲಿ ಹೆಸರಿಸುವುದು ಕ್ಷೇಮ. ಠಾಣೆಯನ್ನೇ ಪ್ರತಿವಾದಿ ಮಾಡಿದ ದಾವೆಗಳನ್ನು ನೋಡಿದ್ದೇನೆ. ಠಾಣೆ ಕಾನೂನಿನ ದೃಷ್ಟಿಯಲ್ಲಿ ವ್ಯಕ್ತಿಯಲ್ಲ. ಕರ್ನಾಟಕ ರಾಜ್ಯವನ್ನೂ, ಅಧಿಕಾರಿಗಳನ್ನು ಅವರವರ ಹೆಸರಿನಿಂದಲೂ ಸೇರಿಸಬೇಕು.

ಕೇಳುವ ಮೊತ್ತದ ಮೇಲೆ ನ್ಯಾಯಾಲಯ ಶುಲ್ಕ ಕಟ್ಟಬೇಕಾದ್ದರಿಂದ, ಸಿಟ್ಟಿನಲ್ಲಿ ಕೋಟಿ ರೂಪಾಯಿ ಬರೆಯಬೇಡಿ. ವಕೀಲರ ಶುಲ್ಕ, ಜಾಮೀನಿನ ಖರ್ಚು, ಕೈತಪ್ಪಿದ ಚೇಣಿ, ವಾಹನ ನಿಂತ ದಿನಗಳ ಬಾಡಿಗೆ, ಇವುಗಳಿಗೆ ರಸೀದಿ ಹೊಂದಿಸಿಕೊಂಡು, ಮಾನಹಾನಿಗೆ ಒಂದು ನ್ಯಾಯವಾದ ಮೊತ್ತ ಸೇರಿಸಿ. ಆದಾಯ ಮಿತಿಯೊಳಗಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ನಿರಾಧಾರ ಬಂಧನಕ್ಕೆ ಕ್ರಿಮಿನಲ್ ನ್ಯಾಯಾಲಯವೇ ದೂರುದಾರರಿಂದ ಪರಿಹಾರ ಕೊಡಿಸುವ ಕಲಮೊಂದು ಉಂಟು, ಆದರೆ ಅದರ ಮಿತಿ ಒಂದು ಸಾವಿರ ರೂಪಾಯಿ. ಈ ಕಾಲದಲ್ಲಿ ಅದು ಜಾಮೀನಿನ ಓಡಾಟದ ಬಸ್ ಚಾರ್ಜಿಗೂ ಸಾಲದು.

ತೋಟದಮನೆ:

ಬಹಳ ಉಪಕಾರವಾಯಿತು. ವಾಹನದ ವಿಷಯ ಮಾತ್ರ ಉಳಿಯಿತು. ಅದನ್ನೂ ಇದೇ ದಾವೆಯಲ್ಲಿ ಸೇರಿಸಬೇಕೇ?

ದುರ್ಗದ ವಕೀಲ:

ಸೇರಿಸಬಹುದು, ಆದರೆ ಬೇರೆ ತಲೆಬರಹದಡಿ ಬರೆಸಿ. ಜಪ್ತಿ ಪಂಚನಾಮೆಯಲ್ಲಿ ಚಕ್ರ, ಬ್ಯಾಟರಿಗಳ ವಿವರವಿದ್ದು, ವಾಹನ ಬಿಡಿಸಿಕೊಂಡ ದಿನ ನೀವು ಸಹಿ ಮಾಡಿದ ಕಾಗದದಲ್ಲಿ ಕೊರತೆಯನ್ನು ನಮೂದಿಸಿದ್ದರೆ ಈ ಭಾಗವೇ ಎಲ್ಲಕ್ಕಿಂತ ಗಟ್ಟಿ, ಏಕೆಂದರೆ ಇಲ್ಲಿ ಯಾರ ದುರುದ್ದೇಶವನ್ನೂ ಸಾಬೀತು ಮಾಡಬೇಕಾಗಿಲ್ಲ. 1977ರಲ್ಲಿ ನಮ್ಮ ರಾಜ್ಯದ್ದೇ ಆದ ಬಸವ ಕೋಂ ದ್ಯಾಮನಗೌಡ ಪಾಟೀಲ್ ಪ್ರಕರಣದಲ್ಲಿ, ಪೊಲೀಸರ ವಶದಲ್ಲಿದ್ದ ಆಭರಣಗಳು ಕಾಣೆಯಾದಾಗ ಅವುಗಳ ಬೆಲೆಯನ್ನು ರಾಜ್ಯವೇ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ಚರ ಸ್ವತ್ತಿನ ಹಾನಿಗೆ ಸಾಮಾನ್ಯ ಕಾಲಮಿತಿ ಮೂರು ವರ್ಷ. ವಾಹನ ಕೈಸೇರಿದ ತಾರೀಖನ್ನು ಹಿಡಿದು ಮೊದಲು ಅದನ್ನು ಲೆಕ್ಕ ಹಾಕಿ.

ಇನ್ನೊಂದು ಮಾತು. ತೋಟದ ಮಾಲೀಕರನ್ನೂ ಪ್ರತಿವಾದಿಯಾಗಿ ಸೇರಿಸಿ. ಸುಳ್ಳೆಂದು ಗೊತ್ತಿದ್ದೇ ದೂರು ಕೊಟ್ಟು ಮೊಕದ್ದಮೆಯನ್ನು ಮುಂದೆ ನಿಂತು ನಡೆಸಿದ ಖಾಸಗಿ ವ್ಯಕ್ತಿಯೂ ಈ ದಾವೆಯಲ್ಲಿ ಹೊಣೆಗಾರನಾಗುತ್ತಾನೆ, ಅವರ ಮಟ್ಟಿಗೆ 80ನೆಯ ಕಲಮಿನ ನೋಟಿಸೂ ಬೇಡ, ಸರ್ಕಾರದ ಅನುಮತಿಯೂ ಬೇಡ. ಕಾಲಮಿತಿ ಮೀರಿದ ಆ ಎರಡು ರಾತ್ರಿಗಳಿಗೆ ಪ್ರತ್ಯೇಕ ಪರಿಹಾರ ಕೇಳದೆ, ದುರುದ್ದೇಶವನ್ನು ತೋರಿಸುವ ಸಂಗತಿಯಾಗಿ ದಾವಾಪತ್ರದಲ್ಲಿ ಬರೆಸಿ, ನಿಮ್ಮ ಅವ್ವನವರ ಮನವಿಯ ಪ್ರತಿಯನ್ನು ಅಲ್ಲಿಗೆ ಲಗತ್ತಿಸಿ.