ಚುನಾಯಿತ ಸರ್ಕಾರಕ್ಕೆ ಹಣಕಾಸಿನ ದಿಗ್ಬಂಧನ: 2006ರ ಹಮಾಸ್ ಪ್ರಕರಣದ ಬಗ್ಗೆ ಬ್ಯಾಂಕಿನವರಿಗೊಂದು ಪ್ರಶ್ನೆ

ಪ್ರಶ್ನೆ: ನಮಸ್ಕಾರ. ನಾನು ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. 2006ರ ಜನವರಿಯಲ್ಲಿ ಪ್ಯಾಲೆಸ್ತೀನ್ ಶಾಸನಸಭೆಯ 132 ಸ್ಥಾನಗಳ ಪೈಕಿ 74ನ್ನು ಹಮಾಸ್ ಗೆದ್ದದ್ದು, ಅಮೆರಿಕ ಮತ್ತು ಯುರೋಪಿಯನ್ ಒಕ್ಕೂಟಗಳ ಭಯೋತ್ಪಾದಕ ಪಟ್ಟಿಯಲ್ಲಿ ಅದು ಮೊದಲೇ ಇದ್ದುದರಿಂದ ಹೊಸ ಸರ್ಕಾರಕ್ಕೆ ಹಣ ನಿಂತುಹೋದದ್ದು, ಇಷ್ಟನ್ನು ಪಾಠದಲ್ಲಿ ಹೇಳಿದೆ. ಆಗ ವಿದ್ಯಾರ್ಥಿನಿಯೊಬ್ಬಳು, “ಪಟ್ಟಿಯಲ್ಲಿದ್ದದ್ದು ಪಕ್ಷ ತಾನೇ ಸರ್, ಸರ್ಕಾರಿ ಶಾಲೆಯ ಮೇಷ್ಟ್ರ ಸಂಬಳ ಯಾಕೆ ನಿಲ್ಲಬೇಕು?” ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ವಿದೇಶಿ ವಿನಿಮಯ ವಿಭಾಗದಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಮೇಷ್ಟ್ರೇ, ನಾನು ನಿವೃತ್ತನಾಗುವ ಮುನ್ನ ಕೆಲವು ವರ್ಷ, ಹಣ ಕಳಿಸುವವರ ಹೆಸರನ್ನು ಭಯೋತ್ಪಾದಕ ಪಟ್ಟಿಯೊಂದಿಗೆ ತಾಳೆ ನೋಡುವ ತಪಾಸಣೆಯ ಮೇಜಿನಲ್ಲಿ ಕುಳಿತಿದ್ದವನು, ಆದ್ದರಿಂದ ಬ್ಯಾಂಕಿನ ಕಡೆಯಿಂದಲೇ ಹೇಳುತ್ತೇನೆ. ಪ್ಯಾಲೆಸ್ತೀನ್ ಪ್ರಾಧಿಕಾರಕ್ಕೆ, ಅಂದರೆ ಅಲ್ಲಿನ ಸರ್ಕಾರಕ್ಕೆ, ಹಣ ಬರುತ್ತಿದ್ದದ್ದು ಮುಖ್ಯವಾಗಿ ಎರಡು ಕಡೆಯಿಂದ. ವಿದೇಶಿ ನೆರವು ಒಂದು. ಇನ್ನೊಂದು, 1994ರ ಪ್ಯಾರಿಸ್ ಒಪ್ಪಂದದ ಪ್ರಕಾರ ಪ್ಯಾಲೆಸ್ತೀನೀಯರ ಪರವಾಗಿ ಇಸ್ರೇಲ್ ವಸೂಲು ಮಾಡಿ ತಿಂಗಳು ತಿಂಗಳು ಕೊಡಬೇಕಾದ ಸುಂಕ ಮತ್ತು ತೆರಿಗೆ, ಅಂದರೆ ತಿಂಗಳಿಗೆ ಸುಮಾರು 5ರಿಂದ 6 ಕೋಟಿ ಡಾಲರ್. ಇಸ್ರೇಲ್ ಇದನ್ನು ತಡೆಹಿಡಿಯಿತು, ಪಾಶ್ಚಾತ್ಯ ದೇಶಗಳು ನೆರವು ನಿಲ್ಲಿಸಿದವು. ಸುಮಾರು 1.6 ಲಕ್ಷ ನೌಕರರ ಸಂಬಳದ ಪಟ್ಟಿಯೇ ತಿಂಗಳಿಗೆ 10 ಕೋಟಿ ಡಾಲರ್ ದಾಟುತ್ತಿದ್ದ ಸರ್ಕಾರಕ್ಕೆ ಇದೇ ದೊಡ್ಡ ಪೆಟ್ಟು. ಆದರೂ ಅರಬ್ ದೇಶಗಳು ಹಣ ಕೊಡಲು ಸಿದ್ಧವಿದ್ದವು. ಅರಬ್ ಲೀಗ್ ಅದನ್ನು ಒಟ್ಟುಮಾಡಿಯೂ ಇತ್ತು. ಆ ಹಣ ಪ್ರಾಧಿಕಾರದ ಆಡಳಿತ ಕೇಂದ್ರವಾದ ರಮಲ್ಲಾ ತಲುಪಲಿಲ್ಲ, ಏಕೆಂದರೆ ದಾಟಿಸಲು ಯಾವ ಬ್ಯಾಂಕೂ ಮುಂದೆ ಬರಲಿಲ್ಲ.

ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ. 2006ರ ಏಪ್ರಿಲ್ 12ರಂದು ಅಮೆರಿಕದ ಖಜಾನೆ ಇಲಾಖೆಯ ವಿದೇಶಿ ಆಸ್ತಿ ನಿಯಂತ್ರಣ ಕಚೇರಿ, ಅಂದರೆ ನಾವು ಬ್ಯಾಂಕಿನವರು ಒಫ್ಯಾಕ್ ಎನ್ನುವ ಕಚೇರಿ, ಪ್ರಾಧಿಕಾರದ ವ್ಯವಹಾರಗಳಲ್ಲಿ ಹಮಾಸ್‌ಗೆ ಹಿತಾಸಕ್ತಿ ಇದೆ ಎಂದು ನಿರ್ಧರಿಸಿತು. ಅಲ್ಲಿಗೆ ಪಕ್ಷಕ್ಕೂ ಸರ್ಕಾರಕ್ಕೂ ನಡುವಿನ ಗೆರೆ ಅಳಿಸಿಹೋಯಿತು. ಅಧ್ಯಕ್ಷ ಮಹಮೂದ್ ಅಬ್ಬಾಸ್ ಅವರ ಕಚೇರಿಗೆ, ವಿಶ್ವಸಂಸ್ಥೆಯ ಕೆಲಸಗಳಿಗೆ ವಿನಾಯಿತಿ ಕೊಟ್ಟರು ನಿಜ. ಆದರೆ ವಿನಾಯಿತಿಯ ಕಾಗದ ಒಂದು, ಮೇಜಿನ ಮುಂದೆ ಕುಳಿತವನ ಭಯ ಇನ್ನೊಂದು.

ಆ ಭಯ ಹೇಗಿರುತ್ತದೆ ಎಂಬುದಕ್ಕೆ ನಾನು ಕಂಡದ್ದನ್ನೇ ಹೇಳುತ್ತೇನೆ. ಕುಂದಾಪುರದ ಕಡೆಯ ಹುಡುಗನೊಬ್ಬ ಕೊಲ್ಲಿಯಿಂದ ತಾಯಿಯ ಆಸ್ಪತ್ರೆ ಖರ್ಚಿಗೆ ಕಳಿಸಿದ ಹಣ, ಅವನ ಹೆಸರು ಪಟ್ಟಿಯ ಯಾರದೋ ಹೆಸರನ್ನು ಹೋಲುತ್ತದೆಂಬ ಒಂದೇ ಕಾರಣಕ್ಕೆ ಒಂಬತ್ತು ದಿನ ನಿಂತಿತ್ತು. ಪರದೆಯ ಮೇಲೆ ಇರುವುದು ಬಿಡು, ತಡೆ ಎಂಬ ಎರಡೇ ಆಯ್ಕೆ. ಬಿಟ್ಟು ತಪ್ಪಾದರೆ ನೌಕರಿಗೇ ಸಂಚಕಾರ, ತಡೆದು ತಪ್ಪಾದರೆ ಯಾರೂ ಕೇಳುವುದಿಲ್ಲ. ಒಬ್ಬ ಹುಡುಗನ ವಿಷಯದಲ್ಲೇ ಹೀಗಾದರೆ ಒಂದು ಸರ್ಕಾರದ ಖಾತೆಯ ಗತಿಯೇನು? ಪ್ರಾಧಿಕಾರದ ಖಜಾನೆ ಖಾತೆ ಇದ್ದದ್ದು ಅಮ್ಮಾನ್ ಮೂಲದ ಅರಬ್ ಬ್ಯಾಂಕಿನಲ್ಲಿ. ಆ ಬ್ಯಾಂಕಿನ ನ್ಯೂಯಾರ್ಕ್ ಶಾಖೆ 2005ರಲ್ಲಿ ಅಮೆರಿಕದ ನಿಯಂತ್ರಕರಿಗೆ 2.4 ಕೋಟಿ ಡಾಲರ್ ದಂಡ ತೆತ್ತಿತ್ತು. ಇನ್ನೊಮ್ಮೆ ಸಿಕ್ಕಿಬಿದ್ದು ಡಾಲರ್ ವ್ಯವಹಾರವನ್ನೇ ಕಳೆದುಕೊಳ್ಳಲು ಯಾವ ಬ್ಯಾಂಕು ಮುಂದಾದೀತು? ಪ್ಯಾಲೆಸ್ತೀನಿಗೆ ಸ್ವಂತ ನಾಣ್ಯವಿಲ್ಲ; ಶೆಕೆಲ್, ದಿನಾರ್, ಡಾಲರ್ ಈ ಮೂರರಲ್ಲೇ ಬದುಕು ಸಾಗಬೇಕು, ಮೂರರ ಬೀಗದ ಕೈಯೂ ಬೇರೆಯವರ ಬಳಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ತಾವು ಒಂದು ಕಡೆಗೇ ವಾಲುತ್ತಿದ್ದೀರಿ ಎನಿಸುತ್ತದೆ. ಆತ್ಮಾಹುತಿ ದಾಳಿ ನಡೆಸಿದ ಸಂಘಟನೆ ಚುನಾವಣೆ ಗೆದ್ದ ಮಾತ್ರಕ್ಕೆ ಅನ್ಯ ದೇಶದ ತೆರಿಗೆದಾರರು ಅದಕ್ಕೆ ಹಣ ಕೊಡಬೇಕೇ?

ಉತ್ತರ: ಕೊಡಲೇಬೇಕೆಂದು ನಾನು ಹೇಳಿಲ್ಲ. ಅಮೆರಿಕ, ರಷ್ಯಾ, ಯುರೋಪಿಯನ್ ಒಕ್ಕೂಟ ಮತ್ತು ವಿಶ್ವಸಂಸ್ಥೆ ಸೇರಿದ ಚತುಷ್ಕೂಟವು 2006ರ ಜನವರಿ 30ರಂದು ಕೇಳಿದ್ದು ಮೂರು ಮಾತು: ಹಿಂಸೆ ಬಿಡಿ, ಇಸ್ರೇಲನ್ನು ಮಾನ್ಯ ಮಾಡಿ, ಹಿಂದಿನ ಒಪ್ಪಂದಗಳಿಗೆ ಬದ್ಧರಾಗಿರಿ. ಹಮಾಸ್ ಒಪ್ಪಲಿಲ್ಲ. ಅಷ್ಟೇ ಅಲ್ಲ, ಏಪ್ರಿಲ್ 17ರಂದು ಟೆಲ್ ಅವೀವ್‌ನಲ್ಲಿ ಇಸ್ಲಾಮಿಕ್ ಜಿಹಾದ್ ಎಂಬ ಇನ್ನೊಂದು ಸಂಘಟನೆ ನಡೆಸಿದ ಆತ್ಮಾಹುತಿ ದಾಳಿಯನ್ನು ಹಮಾಸ್ ವಕ್ತಾರರು ಆತ್ಮರಕ್ಷಣೆಯೆಂದು ಸಮರ್ಥಿಸಿದರು. ಇಂಥ ಸರ್ಕಾರಕ್ಕೆ ನನ್ನ ಕಿಸೆಯ ಹಣ ಕೊಡುವುದಿಲ್ಲ ಎನ್ನುವ ಹಕ್ಕು ದಾನಿಗೆ ಖಂಡಿತ ಇದೆ. ಆದರೆ ಪ್ಯಾಲೆಸ್ತೀನೀಯರದೇ ತೆರಿಗೆಯನ್ನು ತಡೆಯುವುದು, ಮೂರನೆಯವರು ಕೊಟ್ಟ ಹಣಕ್ಕೂ ದಾರಿ ಮುಚ್ಚುವುದು ದಾನದ ಪ್ರಶ್ನೆಯಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದಷ್ಟೇ ನನ್ನ ವಾದ.

ಬ್ಯಾಂಕಿನವನಾಗಿ ನನಗೆ ಹೆಚ್ಚು ಬೇಸರವಾದದ್ದು ಬೇರೆಯದೇ ವಿಷಯಕ್ಕೆ. ಹಿಂದಿನ ಅಧ್ಯಕ್ಷ ಯಾಸಿರ್ ಅರಾಫತ್ ಕಾಲದಲ್ಲಿ ಹಣ ಹತ್ತಾರು ಖಾತೆಗಳಲ್ಲಿ ಹಂಚಿಹೋಗಿ, ಯಾವುದು ಎಲ್ಲಿದೆ ಎಂದು ಲೆಕ್ಕ ಸಿಗುತ್ತಿರಲಿಲ್ಲ. ದಾನಿಗಳೇ ಪಟ್ಟುಹಿಡಿದ ಮೇಲೆ, 2002ರಲ್ಲಿ ಹಣಕಾಸು ಸಚಿವರಾದ ಸಲಾಮ್ ಫಯ್ಯಾದ್ ಎಲ್ಲವನ್ನೂ ಒಂದೇ ಖಜಾನೆ ಖಾತೆಗೆ ತಂದು ಲೆಕ್ಕ ಸರಿಪಡಿಸಿದ್ದರು. ಅದೇ ದಾನಿಗಳು 2006ರಲ್ಲಿ ಆ ಖಾತೆಯನ್ನು ಬದಿಗಿಟ್ಟು, ಅಧ್ಯಕ್ಷರ ಕಚೇರಿಯ ಮೂಲಕ ಮತ್ತು ಜೂನ್‌ನಲ್ಲಿ ಚತುಷ್ಕೂಟ ಒಪ್ಪಿದ ತಾತ್ಕಾಲಿಕ ಅಂತರರಾಷ್ಟ್ರೀಯ ವ್ಯವಸ್ಥೆಯ ಮೂಲಕ ಹಣ ಹರಿಸಿದರು. ಸರ್ಕಾರವೋ, ಪೆಟ್ಟಿಗೆಯಲ್ಲಿ ನಗದು ಹೊತ್ತು ತರುವ ಮಟ್ಟಕ್ಕೆ ಇಳಿಯಿತು. ಮೇ ತಿಂಗಳಲ್ಲಿ ಹಮಾಸ್ ವಕ್ತಾರರೊಬ್ಬರು ಈಜಿಪ್ಟ್ ಮತ್ತು ಗಾಜಾ ನಡುವಿನ ರಫಾ ಗಡಿಯಲ್ಲಿ ಆರು ಲಕ್ಷಕ್ಕೂ ಹೆಚ್ಚು ಯೂರೋ ಬಚ್ಚಿಟ್ಟುಕೊಂಡು ಸಿಕ್ಕಿಬಿದ್ದರು. ಜೂನ್‌ನಲ್ಲಿ ವಿದೇಶಾಂಗ ಸಚಿವ ಮಹಮೂದ್ ಅಲ್ ಜಹಾರ್ ಸುಮಾರು 2 ಕೋಟಿ ಡಾಲರ್ ತುಂಬಿದ ಸೂಟ್‌ಕೇಸುಗಳೊಂದಿಗೆ ಅದೇ ಗಡಿ ದಾಟಿದರು. ಬ್ಯಾಂಕಿನ ಮೂಲಕ ಬಂದ ಹಣಕ್ಕೆ ಕಳಿಸಿದವರು, ಪಡೆದವರು, ದಿನಾಂಕ ಎಲ್ಲವೂ ದಾಖಲೆಯಲ್ಲಿರುತ್ತದೆ. ಸೂಟ್‌ಕೇಸಿಗೆ ಯಾವ ಲೆಕ್ಕ ಪರಿಶೋಧಕ? ಭಯೋತ್ಪಾದನೆಗೆ ಹಣ ಹೋಗದಂತೆ ಕಾಯಬೇಕಿದ್ದವರಿಗೆ ಕಾಣುವ ದಾರಿಯೇ ಮುಚ್ಚಿಹೋಯಿತು.

ಪ್ರಶ್ನೆ ಕೇಳಿದವರು: ಬಹಳ ಉಪಕಾರವಾಯಿತು ಸರ್. ಕೊನೆಗೆ ಆ ಶಿಕ್ಷಕರಿಗೆ ಸಂಬಳ ಬಂತೇ?

ಉತ್ತರ: ಆ ಸೆಪ್ಟೆಂಬರ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಅವರು ಮುಷ್ಕರ ಹೂಡಿದರು. ತಾತ್ಕಾಲಿಕ ವ್ಯವಸ್ಥೆಯಿಂದ ಬಂದದ್ದು ಭತ್ಯೆ, ಪೂರ್ತಿ ಸಂಬಳವಲ್ಲ. 2007ರ ಜೂನ್‌ನಲ್ಲಿ ಹಮಾಸ್ ಗಾಜಾವನ್ನು ಬಲದಿಂದ ವಶಪಡಿಸಿಕೊಂಡಿತು, ಅಬ್ಬಾಸ್ ಅವರು ಪ್ರಧಾನಿ ಇಸ್ಮಾಯಿಲ್ ಹನಿಯೆ ಅವರನ್ನು ವಜಾ ಮಾಡಿ ಫಯ್ಯಾದ್ ಅವರನ್ನು ನೇಮಿಸಿದರು, ಇಸ್ರೇಲ್ ತೆರಿಗೆ ಹಣ ಬಿಡತೊಡಗಿತು, ಜುಲೈನಲ್ಲಿ ಹತ್ತಿರ ಹತ್ತಿರ ಒಂದೂವರೆ ವರ್ಷದಲ್ಲಿ ಮೊದಲ ಬಾರಿಗೆ ಪೂರ್ತಿ ಸಂಬಳ ಖಾತೆಗೆ ಬಿತ್ತು. ಗಾಜಾದ ಕಥೆ ಮಾತ್ರ ವಿಚಿತ್ರ: ಅಲ್ಲಿ ಹಮಾಸ್ ಕೈಕೆಳಗೆ ದುಡಿಯಲೊಲ್ಲದೆ ಮನೆಯಲ್ಲಿ ಕುಳಿತ ಎಷ್ಟೋ ನೌಕರರಿಗೆ ವರ್ಷಗಟ್ಟಲೆ ರಮಲ್ಲಾದಿಂದ ಸಂಬಳ ಬರುತ್ತಿತ್ತು.